ಬಹುವಾರ್ಷಿಕ ಆಸ್ಟರ್ ಮೈತುಂಬ ಹೂ ಬಿಟ್ಟರೂ ಚಿಟ್ಟೆಗಳು ಇಳಿಯುತ್ತಿಲ್ಲ, ಬುಡದ ಎಲೆಗಳೂ ಒಣಗುತ್ತಿವೆ

ಅಂಗಳದ ಹಸಿರು:
ಎಲ್ಲರಿಗೂ ನಮಸ್ಕಾರ. ಚಿಟ್ಟೆಗಳು ಬರಲೆಂದೇ ಅಂಗಳದ ಅಂಚಿನಲ್ಲಿ ಬಹುವಾರ್ಷಿಕ ಆಸ್ಟರ್‌ನ ಒಂದು ಸಾಲು ಬೆಳೆಸಿದ್ದೇನೆ. ನೆಟ್ಟು ಇದು ಮೂರನೆಯ ವರ್ಷ. ಗಿಡಗಳು ದಟ್ಟವಾಗಿ ಹಬ್ಬಿ ನೇರಳೆ ಹೂಗಳಿಂದ ತುಂಬಿಕೊಂಡಿದ್ದರೂ, ಬೇಲಿಯಾಚೆಯ ಕಾಡುಹೂಗಳ ಮೇಲೆ ಕೂತೇಳುವ ಚಿಟ್ಟೆಗಳು ನನ್ನ ಸಾಲನ್ನು ದಾಟಿ ಹೋಗುತ್ತವೆಯೇ ಹೊರತು ಇಳಿಯುವುದಿಲ್ಲ. ಬುಡದ ಎಲೆಗಳ ಮೇಲೆ ಬಿಳಿ ಪುಡಿ ಕಾಣಿಸಿಕೊಂಡು, ಅವು ಕಂದಾಗಿ ಉದುರುತ್ತಿವೆ. ಪೊದೆಯ ನಡುಭಾಗವೂ ಬರಿದಾಗಿದೆ. ಬಿಳಿ ಪುಡಿಗಾಗಿ ಬೇವಿನೆಣ್ಣೆಯ ದ್ರಾವಣವನ್ನು ಗಿಡಪೂರ್ತಿ ಸಿಂಪಡಿಸುತ್ತಿದ್ದೇನೆ. ಸಾಲಿನ ಒಂದು ತುದಿಯ ಗಿಡಗಳು ಮಾತ್ರ ಇನ್ನೂ ಮೊಗ್ಗಿನಲ್ಲೇ ನಿಂತಿವೆ. ಎಲ್ಲಿಂದ ಪರೀಕ್ಷೆ ಆರಂಭಿಸಬೇಕೆಂದು ದಯವಿಟ್ಟು ತಿಳಿಸಿ.

ರೆಕ್ಕೆ ನೋಟ:
ಮೊದಲು ಹೂವಿನ ನಡುವನ್ನು ನೋಡಿ. ನಾವು ಆಸ್ಟರ್‌ನ ಒಂದು ಹೂ ಎನ್ನುವುದು ನಿಜವಾಗಿ ಹತ್ತಾರು ಕಿರುಹೂಗಳ ಗೊಂಚಲು. ಅಂಚಿನಲ್ಲಿ ಎಸಳುಗಳಂತೆ ಚಾಚಿರುವವು ದೂರದಿಂದ ಕೀಟಗಳನ್ನು ಕರೆಯುವ ಕೆಲಸ ಮಾಡಿದರೆ, ಚಿಟ್ಟೆ ತನ್ನ ಹೀರುನಳಿಕೆಯನ್ನು ಇಳಿಸುವುದು ನಡುವಿನ ಹಳದಿ ಬಿಲ್ಲೆಯಲ್ಲಿರುವ ಕೊಳವೆಯಾಕಾರದ ಕಿರುಹೂಗಳಿಗೆ. ಮಕರಂದ ಮುಖ್ಯವಾಗಿ ಇರುವುದು ಅಲ್ಲಿಯೇ. ಹಲವು ಸುತ್ತಿನ ತಳಿಗಳಲ್ಲಿ ಈ ಬಿಲ್ಲೆಯ ಬಹುಭಾಗ ಎಸಳುಗಳಾಗಿ ಮಾರ್ಪಟ್ಟಿರುತ್ತದೆ. ಅಂಥ ಹೂ ನಮ್ಮ ಕಣ್ಣಿಗೆ ಎಷ್ಟೇ ತುಂಬಿಕೊಂಡಿದ್ದರೂ ಚಿಟ್ಟೆಯ ಪಾಲಿಗೆ ಅಲ್ಲಿ ಸಿಗುವುದು ಅಲ್ಪ. ಒಂದು ಹೂವನ್ನು ಕಿತ್ತು ಉದ್ದಕ್ಕೆ ಸೀಳಿ, ಸಾಧ್ಯವಾದರೆ ಭೂತಗನ್ನಡಿಯಡಿ ಹಿಡಿದು ನೋಡಿ. ಒಂಟಿ ಸುತ್ತಿನ ತಳಿಯಾದರೆ ಹಳದಿ ಕೊಳವೆಗಳು ಒತ್ತೊತ್ತಾಗಿ ನಿಂತಿರುವುದು ತಿಳಿಯುತ್ತದೆ. ಹಲವು ಜಾತಿಗಳಲ್ಲಿ ಈ ಬಿಲ್ಲೆ ಹಳತಾದಂತೆ ಕೆಂಪು ಅಥವಾ ನಸುನೇರಳೆಗೆ ತಿರುಗುವುದರಿಂದ, ಹಳದಿಯಾಗಿರುವ ಹೂಗಳನ್ನೇ ಆರಿಸಿಕೊಳ್ಳಿ.

ಇದರೊಂದಿಗೆ ಇನ್ನೊಂದು ಪ್ರಶ್ನೆ: ಮೊಗ್ಗಿನಲ್ಲೇ ನಿಂತಿರುವ ತುದಿಗೆ ರಾತ್ರಿ ಯಾವುದಾದರೂ ದೀಪದ ಬೆಳಕು ಬೀಳುತ್ತದೆಯೇ?

ಮಣ್ಣಿನ ಮಾತು:
ಬಿಳಿ ಪುಡಿಯ ವಿಷಯವನ್ನು ನಾನು ಹೇಳುತ್ತೇನೆ. ಅದು ಬೂದಿರೋಗ. ಹಗಲು ಒಣಹವೆಯಿದ್ದು ರಾತ್ರಿ ತೇವವಿರುವಾಗ, ಗಿಡಗಳ ನಡುವೆ ಗಾಳಿಯಾಡದಿದ್ದರೆ, ಈ ಶಿಲೀಂಧ್ರ ಬೇಗ ಹರಡುತ್ತದೆ. ನ್ಯೂಯಾರ್ಕ್ ಆಸ್ಟರ್ ಇದಕ್ಕೆ ಸುಲಭವಾಗಿ ತುತ್ತಾಗುತ್ತದೆ. ನ್ಯೂ ಇಂಗ್ಲೆಂಡ್ ಆಸ್ಟರ್ ಸಾಮಾನ್ಯವಾಗಿ ಅದಕ್ಕಿಂತ ಗಟ್ಟಿ. ಇವೆರಡನ್ನೂ ಸಸ್ಯಶಾಸ್ತ್ರಜ್ಞರು ಈಗ ಸಿಂಫಿಯೋಟ್ರೈಕಮ್ ಎಂಬ ಕುಲಕ್ಕೆ ಸೇರಿಸಿದ್ದಾರೆ, ಆದ್ದರಿಂದ ಕುಂಡದ ಚೀಟಿಯಲ್ಲಿ ಆ ಹೆಸರಿದ್ದರೆ ಬೇರೆ ಗಿಡವೆಂದು ಗಾಬರಿಯಾಗಬೇಕಿಲ್ಲ. ರೋಗ ಹಿಡಿದ ಎಲೆಗಳನ್ನು ಆರಿಸಿ ತೋಟದಿಂದ ಹೊರಹಾಕಿ, ನೀರನ್ನು ಎಲೆಯ ಮೇಲೆ ಹಾರಿಸದೆ ಬೆಳಗ್ಗೆ ಬುಡಕ್ಕೇ ಕೊಡಿ, ಸಾರಜನಕ ಹೆಚ್ಚಿರುವ ಗೊಬ್ಬರವನ್ನು ನಿಲ್ಲಿಸಿ. ಆ ಗೊಬ್ಬರದಿಂದ ಎಲೆ ಸೊಂಪಾಗಿ, ಕಾಂಡ ಬಾಗಿ, ರೋಗಕ್ಕೆ ಇನ್ನಷ್ಟು ಅನುಕೂಲವಾಗುತ್ತದೆ.

ಬೇವಿನೆಣ್ಣೆಯನ್ನು ಹೂಬಿಟ್ಟ ಗಿಡಕ್ಕೆ ಪೂರ್ತಿಯಾಗಿ ಸಿಂಪಡಿಸುವುದು ನನಗೆ ಒಪ್ಪಿಗೆಯಿಲ್ಲ. ಆಸ್ಟರ್ ಎಲೆಯನ್ನೇ ತಿಂದು ಬೆಳೆಯುವ ಚಿಟ್ಟೆಗಳಿವೆ. ಉತ್ತರ ಅಮೆರಿಕದ ಪರ್ಲ್ ಕ್ರೆಸೆಂಟ್ ಅಂಥದ್ದು. ಬೇವಿನಲ್ಲಿರುವ ಅಜಾಡಿರಾಕ್ಟಿನ್ ಎಲೆ ತಿನ್ನುವ ಮರಿಹುಳುಗಳ ಬೆಳವಣಿಗೆಯನ್ನೇ ತಡೆಯುತ್ತದೆ. ಚಿಟ್ಟೆ ಬೇಕೆಂದವರು ನಾಲ್ಕು ತೂತುಬಿದ್ದ ಎಲೆಗಳನ್ನು ಸಹಿಸಿಕೊಳ್ಳಲೇಬೇಕು.

ಅಂಗಳದ ಹಸಿರು:
ಇಬ್ಬರಿಗೂ ಧನ್ಯವಾದಗಳು. ಹೂಗಳನ್ನು ಸೀಳಿ ನೋಡಿದೆ. ಈಗ ಅರಳಿರುವವೆಲ್ಲ ಹಲವು ಸುತ್ತಿನವು. ನಡುವೆ ಹಳದಿ ಒಂದು ಚುಕ್ಕೆಯಷ್ಟು ಮಾತ್ರ ಇದೆ. ಮೊಗ್ಗಿನಲ್ಲಿ ನಿಂತಿರುವ ತುದಿಯ ಗಿಡಗಳು ಒಂಟಿ ಸುತ್ತಿನ ತಳಿಯವು ಎಂಬುದು ಹಳೆಯ ಚೀಟಿಯಿಂದ ಗೊತ್ತಾಯಿತು. ರೆಕ್ಕೆ ನೋಟ ಅವರು ಊಹಿಸಿದಂತೆ, ಗೇಟಿನ ದೀಪ ರಾತ್ರಿಯಿಡೀ ಅವುಗಳ ಮೇಲೆಯೇ ಉರಿಯುತ್ತದೆ. ಆ ಗಿಡಗಳ ಚಿಗುರನ್ನು ಇನ್ನೊಮ್ಮೆ ಚಿವುಟಿದರೆ ಹೂ ಬರಬಹುದೇ?

ರೆಕ್ಕೆ ನೋಟ:
ಈಗ ಖಂಡಿತ ಚಿವುಟಬೇಡಿ, ಇರುವ ಮೊಗ್ಗುಗಳೇ ಹೋಗುತ್ತವೆ. ಚಿವುಟುವ ಕೆಲಸ ಬೇಸಿಗೆಯ ಮೊದಲ ಭಾಗದಲ್ಲಿಯೇ ಮುಗಿಯಬೇಕು. ಈ ಆಸ್ಟರ್‌ಗಳು ಹಗಲು ಕಿರಿದಾಗಿ ರಾತ್ರಿ ದೀರ್ಘವಾದಾಗ ಹೂಬಿಡುವ ಗಿಡಗಳು. ದೀಪ ಉರಿಯುತ್ತಿರುವವರೆಗೆ ಅವುಗಳಿಗೆ ರಾತ್ರಿ ಬೆಳೆದಿದ್ದೇ ತಿಳಿಯುವುದಿಲ್ಲ. ದೀಪವನ್ನು ಆರಿಸಿ, ಆಗದಿದ್ದರೆ ಬೆಳಕು ಗಿಡದ ಕಡೆಗೆ ಬೀಳದಂತೆ ಮರೆ ಕಟ್ಟಿ. ಚಿಟ್ಟೆಗೆ ಬೇಕಾದ ಗಿಡಗಳು ಕತ್ತಲೆಗಾಗಿ ಕಾಯುತ್ತಿವೆ, ಅರಳಿದ ಗಿಡಗಳಲ್ಲಿ ಮಕರಂದ ಕಡಿಮೆ. ನಿಮ್ಮ ಮುಖ್ಯ ಸಮಸ್ಯೆ ಇಷ್ಟೇ ಎಂದು ನನ್ನ ಅಭಿಪ್ರಾಯ.

ಮಣ್ಣಿನ ಮಾತು:
ಪೊದೆಯ ನಡುಭಾಗ ಬರಿದಾಗಿರುವುದು ರೋಗವಲ್ಲ, ವಯಸ್ಸು. ಎರಡು ಮೂರು ವರ್ಷಕ್ಕೊಮ್ಮೆ, ಹೊಸ ಚಿಗುರು ಏಳುವ ಹೊತ್ತಿಗೆ, ಪೊದೆಯನ್ನು ಬೇರುಸಮೇತ ಅಗೆದು ಬಿಡಿಸಬೇಕು. ನಡುವಿನ ಗಟ್ಟಿ ಕಟ್ಟಿಗೆಯಂಥ ಭಾಗವನ್ನು ಬಿಸಾಡಿ, ಅಂಚಿನ ಎಳೆಯ ಚಿಗುರುಗಳನ್ನು ಬೇರಿನೊಂದಿಗೆ 45ರಿಂದ 60 ಸೆಂಟಿಮೀಟರ್ ಅಂತರದಲ್ಲಿ ನೆಡಿ. ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೀಳುವ ಜಾಗವಿರಲಿ. ಚಿಟ್ಟೆಗಳೂ ಮೈ ಬೆಚ್ಚಗಾಗುವ ಬಿಸಿಲಿನಲ್ಲೇ ಚುರುಕಾಗಿ ಹಾರಾಡುವುದು. ಹೂಗಳು ಹಸಿರುಗಟ್ಟಿ ವಿಕಾರವಾಗಿ, ಎಲೆ ಹಳದಿಗಟ್ಟಿದ ಗಿಡವೇನಾದರೂ ಕಂಡರೆ ಅದನ್ನು ಬಿಡಿಸಿ ನೆಡದೆ ಬುಡಸಮೇತ ಕಿತ್ತುಹಾಕಿ. ಅದು ಜಿಗಿಹುಳುಗಳ ಮೂಲಕ ಹರಡುವ ಆಸ್ಟರ್ ಹಳದಿ ರೋಗವಾಗಿರಬಹುದು, ಅದಕ್ಕೆ ಔಷಧವಿಲ್ಲ.

ಅಂಗಳದ ಹಸಿರು:
ದೀಪಕ್ಕೆ ಮರೆ ಕಟ್ಟಿದ ಮೇಲೆ ತುದಿಯ ಗಿಡಗಳು ಒಂದೊಂದಾಗಿ ಅರಳಿವೆ. ಬಿಸಿಲೇರಿದ ಹೊತ್ತಿಗೆ ಒಂದು ಪೇಂಟೆಡ್ ಲೇಡಿ ಚಿಟ್ಟೆ ಬಂದು, ಹಳದಿ ಬಿಲ್ಲೆಯ ಮೇಲೆ ಸುತ್ತುತ್ತ ಒಂದೊಂದೇ ಕಿರುಹೂವಿಗೆ ಹೀರುನಳಿಕೆ ಇಳಿಸುತ್ತಿತ್ತು. ಪಕ್ಕದ ಹಲವು ಸುತ್ತಿನ ಹೂಗಳತ್ತ ಅದು ಹೋಗಲಿಲ್ಲ. ಬೇವಿನೆಣ್ಣೆ ನಿಲ್ಲಿಸಿದ್ದೇನೆ. ಚಿಗುರು ಎದ್ದಾಗ ಒಂಟಿ ಸುತ್ತಿನ ಗಿಡಗಳನ್ನೇ ಬಿಡಿಸಿ ಸಾಲಿನುದ್ದಕ್ಕೂ ನೆಡುತ್ತೇನೆ, ಹಲವು ಸುತ್ತಿನವುಗಳನ್ನು ಕುಂಡಕ್ಕೆ ವರ್ಗಾಯಿಸುತ್ತೇನೆ.