ಎಕ್ಸಿಕ್ಯೂಟಿವ್ ಎಂಬಿಎ ವಸತಿ ವಾರ: ಅಪರಿಚಿತ ತಂಡದೊಡನೆ ಹೊಂದಿಕೊಳ್ಳುವುದು ಹೇಗೆ?

ಪ್ರಶ್ನೆ ಕೇಳಿದವರು: ತುಂಗಾತೀರದವಳು

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಫೌಂಡ್ರಿಯಲ್ಲಿ, ಗುಣಮಟ್ಟ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಕೆಲಸ ಬಿಡದೆ ಓದಬಹುದಾದ ಎಕ್ಸಿಕ್ಯೂಟಿವ್ ಎಂಬಿಎ ಕೋರ್ಸೊಂದಕ್ಕೆ ಈ ವರ್ಷ ಸೇರಿದ್ದೇನೆ. ತರಗತಿಗಳು ಬಹುಪಾಲು ವಾರಾಂತ್ಯದಲ್ಲಿ ಆನ್‌ಲೈನ್ ಮೂಲಕವೇ ನಡೆಯುತ್ತವೆ. ಆದರೆ ಪ್ರತಿ ಟರ್ಮಿನ ಆರಂಭದಲ್ಲಿ ಒಂದು ವಾರ ಕ್ಯಾಂಪಸ್ಸಿನಲ್ಲೇ ಉಳಿಯಬೇಕು. ಹಗಲೆಲ್ಲ ತರಗತಿ, ರಾತ್ರಿ ಮರುದಿನದ, ಕಂಪನಿಗಳ ನೈಜ ಸಮಸ್ಯೆಗಳನ್ನು ವಿವರಿಸುವ ಕೇಸ್‌ಗಳ ಓದು, ಕೊನೆಯ ದಿನ ತಂಡದ ಪ್ರೆಸೆಂಟೇಷನ್, ಹೀಗೆ ಪುರುಸೊತ್ತಿಲ್ಲದ ವಾರ ಅದು.

ನಮ್ಮ ತಂಡದಲ್ಲಿ ಐವರಿದ್ದೇವೆ: ಒಬ್ಬರು ಬ್ಯಾಂಕ್ ಅಧಿಕಾರಿ, ಒಬ್ಬರು ಸಾಫ್ಟ್‌ವೇರ್ ಮ್ಯಾನೇಜರ್, ಒಬ್ಬರು ಸೇನೆಯಿಂದ ನಿವೃತ್ತರಾದವರು, ಒಬ್ಬರು ಔಷಧ ಕಂಪನಿಯ ಮಾರಾಟ ವಿಭಾಗದವರು, ಮತ್ತು ನಾನು. ಯಾರೂ ಕೆಟ್ಟವರಲ್ಲ, ಯಾರೂ ನನ್ನೊಡನೆ ಒರಟಾಗಿ ನಡೆದುಕೊಂಡಿಲ್ಲ. ಆದರೂ ಮೊದಲ ವಸತಿ ವಾರ ಮುಗಿಯುವ ಹೊತ್ತಿಗೆ ಉಳಿದ ನಾಲ್ವರು ಒಬ್ಬರನ್ನೊಬ್ಬರು ಅಡ್ಡಹೆಸರಿನಿಂದ ಕರೆಯುವಷ್ಟು ಹತ್ತಿರವಾಗಿದ್ದರು, ನಾನು ಮಾತ್ರ ಇನ್ನೂ ‘ಮೇಡಂ’ ಆಗಿಯೇ ಉಳಿದಿದ್ದೆ. ಊಟದ ನಂತರ ಅವರು ಮೆಸ್ಸಿನ ಎದುರಿನ ಹುಲ್ಲುಹಾಸಿನಲ್ಲಿ ಕುಳಿತು ಹರಟುತ್ತಾರೆ. ಆ ಹೊತ್ತಿಗೆ ಸರಿಯಾಗಿ ಮನೆಯಿಂದ ಮಗಳ ವಿಡಿಯೊ ಕರೆ ಬರುವುದರಿಂದ ನಾನು ಕೋಣೆಗೆ ಹೋಗಿಬಿಡುತ್ತೇನೆ. ಹರಟೆಗೆ ಕುಳಿತರೂ ಮಾತು ಬೇಗನೆ ಹಿಂದಿಗೆ ಹೊರಳುತ್ತದೆ. ನನಗೆ ಹಿಂದಿ ಅರ್ಥವಾಗುತ್ತದೆ, ಆದರೆ ಎಲ್ಲರೂ ನಕ್ಕು ಮುಗಿಸಿದ ಮೇಲೆ ನನಗೆ ನಗು ಬರುತ್ತದೆ. ಕೆಲಸ ಹಂಚುವಾಗ ‘ನೀವು ಕಾರ್ಖಾನೆಯವರಲ್ಲವೇ’ ಎಂದು ಉತ್ಪಾದನೆಗೆ ಸಂಬಂಧಿಸಿದ ಎರಡು ಸ್ಲೈಡ್‌ಗಳನ್ನು ನನಗೆ ಕೊಡುತ್ತಾರೆ, ನಾನು ಮಾಡಿ ಕಳುಹಿಸುತ್ತೇನೆ, ಅಲ್ಲಿಗೆ ಮುಗಿಯಿತು.

ಮುಂದಿನ ವಸತಿ ವಾರ ಹತ್ತಿರ ಬರುತ್ತಿದೆ. ನನ್ನ ಸ್ವಭಾವವನ್ನು ಬದಲಾಯಿಸಿಕೊಳ್ಳದೆ, ಮಗಳ ಕರೆಯನ್ನೂ ಬಿಡದೆ, ಈ ನಾಲ್ವರೊಡನೆ ನಿಜವಾದ ಒಡನಾಟ ಬೆಳೆಸುವುದು ಸಾಧ್ಯವೇ? ಇಂಥ ಕೋರ್ಸುಗಳನ್ನು ಮುಗಿಸಿದವರು ದಯವಿಟ್ಟು ತಿಳಿಸಿ.

ಉತ್ತರ: ಘಟಪ್ರಭಾ

ನಾನು ಬ್ಯಾಂಕಿನಲ್ಲಿದ್ದುಕೊಂಡೇ ಇಂಥದೇ ಕೋರ್ಸು ಮುಗಿಸಿದವನು. ತಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ತಾವು ಹುಲ್ಲುಹಾಸಿನ ಹರಟೆಯನ್ನು ಸಮಸ್ಯೆ ಎಂದು ಭಾವಿಸಿದ್ದೀರಿ. ನನಗೆ ಕಾಣುವಂತೆ ಸಮಸ್ಯೆ ಇರುವುದು ಆ ಎರಡು ಸ್ಲೈಡ್‌ಗಳಲ್ಲಿ.

ಒಂದು ಕೇಸನ್ನು ಐದು ತುಂಡು ಮಾಡಿ, ಹಣಕಾಸು ಬ್ಯಾಂಕಿನವರಿಗೆ, ಮಾರಾಟ ಮಾರಾಟದವರಿಗೆ, ಉತ್ಪಾದನೆ ಕಾರ್ಖಾನೆಯವರಿಗೆ ಎಂದು ಹಂಚಿದರೆ ಕೆಲಸ ಬೇಗ ಮುಗಿಯುತ್ತದೆ ನಿಜ. ಆದರೆ ಯಾರೂ ಯಾರಿಂದಲೂ ಏನನ್ನೂ ಕಲಿಯುವುದಿಲ್ಲ, ಯಾರಿಗೂ ಯಾರ ಅಗತ್ಯವೂ ಬೀಳುವುದಿಲ್ಲ. ಅಗತ್ಯವಿಲ್ಲದ ಕಡೆ ಒಡನಾಟ ಹರಟೆಯ ಮೇಲೆಯೇ ನಿಲ್ಲಬೇಕಾಗುತ್ತದೆ, ಹರಟೆಯಲ್ಲಿ ಗೆಲ್ಲುವವರು ಬಾಯಿಬಲ ಇದ್ದವರು. ಆದ್ದರಿಂದ ಮುಂದಿನ ವಾರದ ಮೊದಲ ರಾತ್ರಿಯೇ ತಾವು ಒಂದು ಮಾತು ಮುಂದಿಡಿ: ಲ್ಯಾಪ್‌ಟಾಪ್ ತೆರೆಯುವ ಮೊದಲು ಇಪ್ಪತ್ತು ನಿಮಿಷ ಎಲ್ಲರೂ ಕೇಸಿನ ಬಗ್ಗೆ ತಮಗನ್ನಿಸಿದ್ದನ್ನು ಬಾಯಿಮಾತಿನಲ್ಲಿ ಹೇಳಬೇಕು, ಹಂಚಿಕೆ ಆಮೇಲೆ. ಹಂಚುವಾಗ ತಾವು ತಮಗೆ ಬಾರದ ಭಾಗವನ್ನು ಕೇಳಿ ಪಡೆಯಿರಿ.

ಉದಾಹರಣೆಗೆ ನಗದು ಹರಿವಿನ ಪಟ್ಟಿಯನ್ನು ತೆಗೆದುಕೊಳ್ಳಿ. ಲಾಭದಿಂದ ಒಮ್ಮೆ ಕಳೆದ ಸವಕಳಿಯನ್ನು (ಯಂತ್ರ ಹಳತಾದಂತೆ ವರ್ಷ ವರ್ಷ ಖರ್ಚೆಂದು ಬರೆಯುವ ಅದರ ಬೆಲೆಯ ಇಳಿಕೆಯನ್ನು) ಮತ್ತೆ ಏಕೆ ಕೂಡಿಸುತ್ತಾರೆ ಎಂಬುದು ಮೊದಲ ಸಲ ನೋಡುವವರಿಗೆಲ್ಲ ಒಗಟು. ಬ್ಯಾಂಕ್ ಅಧಿಕಾರಿಯ ಪಕ್ಕದಲ್ಲಿ ಕುಳಿತು ಅದನ್ನೇ ಕೇಳಿ. ಯಂತ್ರ ಕೊಂಡ ವರ್ಷವೇ ಹಣ ಕೈಬಿಟ್ಟು ಹೋಗಿದೆ, ಈ ವರ್ಷ ಕಳೆದದ್ದು ಪುಸ್ತಕದ ಖರ್ಚು ಮಾತ್ರ, ಜೇಬಿನಿಂದ ಏನೂ ಹೋಗಿಲ್ಲ ಎಂದು ಅವರು ವಿವರಿಸುವ ಹತ್ತು ನಿಮಿಷದಲ್ಲಿ ಆಗುವ ಪರಿಚಯ ನಾಲ್ಕು ರಾತ್ರಿಯ ಹರಟೆಯಲ್ಲಿ ಆಗುವುದಿಲ್ಲ. ಅದಕ್ಕೆ ಪ್ರತಿಯಾಗಿ ಕೊಡಲು ತಮ್ಮ ಬಳಿಯೂ ಇದೆ. ಎರಕದೊಳಗಿನ ಗಾಳಿಗುಳ್ಳೆ ಮಷೀನಿಂಗ್ ಆಗುವವರೆಗೆ ಕಣ್ಣಿಗೆ ಬೀಳುವುದಿಲ್ಲ, ಬೀಳುವ ಹೊತ್ತಿಗೆ ಲೋಹ, ವಿದ್ಯುತ್ತು, ಕೂಲಿ ಎಲ್ಲದರ ಖರ್ಚೂ ಆಗಿ ಹೋಗಿರುತ್ತದೆ. ಆದ್ದರಿಂದ ಕೊನೆಯಲ್ಲಿ ತಪಾಸಣೆ ಬಿಗಿ ಮಾಡುವುದಕ್ಕಿಂತ ಮೊದಲಲ್ಲಿ ಅಚ್ಚಿನ ಮರಳನ್ನು ಸರಿಮಾಡುವುದು ಅಗ್ಗ. ಇದನ್ನು ತಾವು ಹೇಳಿದರೆ ಸಾಫ್ಟ್‌ವೇರ್ ಮ್ಯಾನೇಜರ್ ಕಿವಿ ನಿಮಿರಿಸುತ್ತಾರೆ, ಏಕೆಂದರೆ ಅವರ ಕೆಲಸದಲ್ಲೂ ದೋಷ ತಡವಾಗಿ ಸಿಕ್ಕಷ್ಟೂ ದುಬಾರಿಯೇ.

ಉತ್ತರ: ನೇತ್ರಾವತಿ

ಘಟಪ್ರಭಾ ಅವರು ಹೇಳಿದ್ದರಲ್ಲಿ ಹೆಚ್ಚಿನದನ್ನು ಒಪ್ಪುತ್ತೇನೆ, ಆದರೆ ಹರಟೆಯನ್ನು ಅವರು ತಳ್ಳಿಹಾಕಿದ ರೀತಿಯನ್ನು ಒಪ್ಪುವುದಿಲ್ಲ. ಗಂಡಸರು ಹಾಗೆ ಹೇಳುವುದು ಸುಲಭ, ಏಕೆಂದರೆ ಅವರನ್ನು ಹರಟೆಗೆ ಯಾರೂ ಪ್ರತ್ಯೇಕವಾಗಿ ಕರೆಯಬೇಕಾಗಿಲ್ಲ. ಪ್ರೆಸೆಂಟೇಷನ್‌ನಲ್ಲಿ ಯಾರು ಮೊದಲು ಮಾತಾಡಬೇಕು, ಯಾವ ಪ್ರಾಧ್ಯಾಪಕರು ಏನನ್ನು ಕೇಳುತ್ತಾರೆ, ಯಾರ ಕಂಪನಿಯಲ್ಲಿ ಯಾವ ಹುದ್ದೆ ಖಾಲಿಯಿದೆ ಎಂಬ ಮಾತುಗಳೆಲ್ಲ ಹುಲ್ಲುಹಾಸಿನ ಮೇಲೆಯೇ ನಡೆಯುತ್ತವೆ. ಅಲ್ಲಿ ಇಲ್ಲದವರಿಗೆ ಅವು ತಲುಪುವುದಿಲ್ಲ.

ನನ್ನ ಮಗ ಎರಡನೇ ತರಗತಿಯಲ್ಲಿದ್ದಾಗ ನಾನು ಈ ಕೋರ್ಸು ಓದಿದೆ. ಮೊದಲ ದಿನದ ತಿಂಡಿಯ ಹೊತ್ತಿನಲ್ಲೇ ತಂಡಕ್ಕೆ ಸ್ಪಷ್ಟವಾಗಿ ಹೇಳಿಬಿಟ್ಟಿದ್ದೆ: ರಾತ್ರಿ ಎಂಟೂವರೆಯಿಂದ ಒಂಬತ್ತರವರೆಗೆ ನಾನು ಮನೆಯವರೊಡನೆ ಮಾತಾಡುತ್ತೇನೆ, ಒಂಬತ್ತಕ್ಕೆ ನಿಮ್ಮಲ್ಲಿಗೆ ಬರುತ್ತೇನೆ ಎಂದು. ಕಾರಣ ಹೇಳದೆ ಎದ್ದುಹೋದರೆ ‘ಅವರಿಗೆ ನಮ್ಮೊಡನೆ ಬೆರೆಯುವುದು ಇಷ್ಟವಿಲ್ಲ’ ಎಂದು ಜನ ತಾವೇ ಅರ್ಥ ಮಾಡಿಕೊಳ್ಳುತ್ತಾರೆ. ಹೇಳಿ ಹೋದರೆ ಅದೇ ಒಂದು ಸಲುಗೆ. ನಮ್ಮ ತಂಡದ ಹಿರಿಯರೊಬ್ಬರು ಒಂಬತ್ತಕ್ಕೆ ನಾನು ಬಂದ ಕೂಡಲೇ ‘ಸಾಹೇಬರ ಗಣಿತ ಮುಗಿಯಿತೇ?’ ಎಂದು ಕೇಳತೊಡಗಿದರು, ಕೊನೆಯ ರಾತ್ರಿ ಫೋನಿನಲ್ಲಿ ಅವರೇ ಮಗನಿಗೆ ಲೆಕ್ಕ ಹೇಳಿಕೊಟ್ಟರು.

ಭಾಷೆಯ ವಿಷಯದಲ್ಲಿ ಸಂಕೋಚ ಬೇಡ. ‘ನನಗೆ ಅರ್ಧ ಮಾತ್ರ ಅರ್ಥವಾಯಿತು, ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿ’ ಎಂದು ನಗುತ್ತಲೇ ಕೇಳಿ. ಒಂದೆರಡು ಸಲ ಕೇಳಿದ ಮೇಲೆ ಅವರೇ ಎಚ್ಚರ ವಹಿಸುತ್ತಾರೆ. ಎಚ್ಚರ ವಹಿಸದಿದ್ದರೆ ಅದು ಅವರ ಸೌಜನ್ಯದ ಕೊರತೆ, ತಮ್ಮ ಹಿಂದಿಯ ಕೊರತೆಯಲ್ಲ. ಇನ್ನೊಂದು ವಿಷಯವನ್ನು ತಾವು ಬರೆದಿಲ್ಲ, ಆದರೆ ಬಹುಪಾಲು ವಸತಿ ವಾರಗಳಲ್ಲಿ ಅದೂ ಇರುತ್ತದೆ. ಕೊನೆಯ ರಾತ್ರಿ ಹೊರಗೆಲ್ಲೋ ಊಟ, ಅದರ ಜೊತೆ ಕುಡಿತ. ಕುಡಿಯದವರು ನಿಂಬೆ ಸೋಡಾ ಹಿಡಿದು ಒಂದು ಗಂಟೆ ಕುಳಿತು, ಮೊದಲೇ ಗೊತ್ತುಮಾಡಿಕೊಂಡ ವಾಹನದಲ್ಲಿ ಹಿಂದಿರುಗಿದರೆ ಯಾರಿಗೂ ಬೇಸರವಿರುವುದಿಲ್ಲ. ಕೊನೆಯವರೆಗೂ ಇರಬೇಕೆಂಬ ನಿಯಮವೇನೂ ಇಲ್ಲ.

ಉತ್ತರ: ಹಳೆಯ ಮೇಷ್ಟ್ರು

ಇಂಥ ಕೋರ್ಸುಗಳಲ್ಲಿ ಪಾಠ ಮಾಡುವವನು ನಾನು, ಆದ್ದರಿಂದ ಮೇಜಿನ ಆಚೆ ಬದಿಯಿಂದ ಕೆಲವು ಮಾತು ಸೇರಿಸುತ್ತೇನೆ. ಸ್ವಲ್ಪ ಉದ್ದವಾಗಬಹುದು, ಮೇಷ್ಟ್ರ ಚಾಳಿ, ಮನ್ನಿಸಿ.

ಬ್ಯಾಂಕು, ಸೇನೆ, ಔಷಧ, ಸಾಫ್ಟ್‌ವೇರ್, ಫೌಂಡ್ರಿ ಒಂದೇ ತಂಡದಲ್ಲಿ ಸೇರಿದ್ದು ಆಕಸ್ಮಿಕವಲ್ಲ, ನಾವು ಬೇಕೆಂದೇ ಹಾಗೆ ಬೆರೆಸುತ್ತೇವೆ. 1961ರಲ್ಲಿ ಅಹಮದಾಬಾದಿನ ಐಐಎಂ ಆರಂಭವಾದಾಗ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಸಹಯೋಗದೊಂದಿಗೆ ಕೇಸ್ ಪದ್ಧತಿ ನಮ್ಮಲ್ಲಿಗೆ ಬಂತು. ಈ ಪದ್ಧತಿಯಲ್ಲಿ ತರಗತಿಗೆ ಮೊದಲು ಸಣ್ಣ ಗುಂಪಿನಲ್ಲಿ ನಡೆಯುವ ಚರ್ಚೆ ಪಾಠದ ಒಂದು ಭಾಗವೇ ಹೊರತು ಮನೆಗೆಲಸವಲ್ಲ. ತುಂಡು ಹಂಚಿಕೊಂಡು ಸ್ಲೈಡ್ ಅಂಟಿಸುವ ತಂಡ ಆ ಭಾಗವನ್ನು ಪೂರ್ತಿ ಕಳೆದುಕೊಳ್ಳುತ್ತದೆ. ಪ್ರೆಸೆಂಟೇಷನ್ ನೋಡಿದರೆ ನಮಗೆ ಮೂರನೆಯ ಸ್ಲೈಡಿಗೇ ಗೊತ್ತಾಗುತ್ತದೆ: ಮಾರಾಟದವರು ದುಪ್ಪಟ್ಟು ಬೇಡಿಕೆ ಊಹಿಸಿರುತ್ತಾರೆ, ಉತ್ಪಾದನೆಯವರು ಹಳೆಯ ಸಾಮರ್ಥ್ಯಕ್ಕೇ ಲೆಕ್ಕ ಹಾಕಿರುತ್ತಾರೆ, ಇಬ್ಬರೂ ಒಂದೇ ಕೋಣೆಯಲ್ಲಿ ಕುಳಿತಿದ್ದರು ಎಂದು ನಂಬುವುದು ಕಷ್ಟ.

ಗ್ಯಾರಲ್ಡ್ ಸ್ಟಾಸರ್ ಮತ್ತು ವಿಲಿಯಂ ಟೈಟಸ್ ಎಂಬ ಸಂಶೋಧಕರು 1985ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ನೆನಪಿಗೆ ಬರುತ್ತದೆ. ಅಭ್ಯರ್ಥಿಗಳ ಕುರಿತ ಮಾಹಿತಿಯಲ್ಲಿ ಕೆಲವನ್ನು ಗುಂಪಿನ ಎಲ್ಲರಿಗೂ, ಉಳಿದದ್ದನ್ನು ಒಬ್ಬೊಬ್ಬರಿಗೆ ಚೂರು ಚೂರಾಗಿ ಕೊಟ್ಟು, ಅವರಲ್ಲೊಬ್ಬರನ್ನು ಆರಿಸುವಂತೆ ಹೇಳಲಾಗಿತ್ತು. ಎಲ್ಲ ಚೂರುಗಳನ್ನೂ ಕೂಡಿಸಿದರೆ ಉತ್ತಮ ಅಭ್ಯರ್ಥಿ ಯಾರೆಂಬುದು ಸ್ಪಷ್ಟವಾಗುತ್ತಿತ್ತು. ಆದರೆ ಗುಂಪುಗಳು ಎಲ್ಲರಿಗೂ ಗೊತ್ತಿದ್ದ ಸಂಗತಿಗಳನ್ನೇ ಮತ್ತೆ ಮತ್ತೆ ಚರ್ಚಿಸಿ ಬಹುಪಾಲು ತಪ್ಪು ಆಯ್ಕೆಗೇ ಬಂದವು. ಒಬ್ಬರಿಗೆ ಮಾತ್ರ ಗೊತ್ತಿದ್ದದ್ದು ಅವರಲ್ಲೇ ಉಳಿಯಿತು. ಅನೇಕ ವಸತಿ ವಾರಗಳಲ್ಲಿ ಆಡಿಸುವ, ತಂಡವಾಗಿ ಪರ್ವತ ಏರುವ ಕಂಪ್ಯೂಟರ್ ಆಟವಾದ ಎವರೆಸ್ಟ್ ಸಿಮ್ಯುಲೇಷನ್ ಕೂಡ ಇದನ್ನೇ ಕಲಿಸುತ್ತದೆ. ನಾಯಕ, ವೈದ್ಯ, ಛಾಯಾಗ್ರಾಹಕ, ಮ್ಯಾರಥಾನ್ ಓಟಗಾರ, ಪರಿಸರವಾದಿ ಎಂದು ಐದು ಪಾತ್ರಗಳು, ಒಬ್ಬೊಬ್ಬರ ಪರದೆಯಲ್ಲೂ ಬೇರೆಯವರಿಗೆ ಕಾಣದ ಒಂದಿಷ್ಟು ಮಾಹಿತಿ. ಆಟದ ಗುಟ್ಟನ್ನು ಪೂರ್ತಿ ಬಿಚ್ಚಿಡುವುದು ನನ್ನ ವೃತ್ತಿಗೆ ಒಪ್ಪುವುದಿಲ್ಲ. ಮೌನವಾಗಿರುವ ಸದಸ್ಯರಿದ್ದ ತಂಡ ಶಿಖರಕ್ಕೆ ಹೋಗುವ ದಾರಿಯಲ್ಲೇ ತೊಂದರೆಗೆ ಸಿಲುಕುವುದನ್ನು ಬಹಳ ಸಲ ಕಂಡಿದ್ದೇನೆ ಎಂದಷ್ಟೇ ಹೇಳಬಲ್ಲೆ.

ಒಡನಾಟ ಕೆಡುವುದನ್ನು ನೋಡಬೇಕಾದರೆ ಬಿಯರ್ ಗೇಮ್ ನೋಡಬೇಕು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಈ ಆಟದಲ್ಲಿ ಚಿಲ್ಲರೆ ವ್ಯಾಪಾರಿ, ಸಗಟು ವ್ಯಾಪಾರಿ, ವಿತರಕ, ಕಾರ್ಖಾನೆ ಎಂಬ ನಾಲ್ಕು ಸ್ಥಾನಗಳಿವೆ. ಸಾಮಾನ್ಯವಾಗಿ ಆಡುವ ರೂಪದಲ್ಲಿ ಗ್ರಾಹಕರ ಬೇಡಿಕೆ ವಾರಕ್ಕೆ 4 ಪೆಟ್ಟಿಗೆಯಿಂದ 8ಕ್ಕೆ ಒಂದೇ ಒಂದು ಸಲ ಏರಿ ಅಲ್ಲೇ ನಿಲ್ಲುತ್ತದೆ. ಸರಕು ತಲುಪಲು ಆಗುವ ವಿಳಂಬದಿಂದಾಗಿ ಗಾಬರಿಗೊಂಡ ಪ್ರತಿಯೊಬ್ಬರೂ ತಮ್ಮ ಹಿಂದಿನವರಿಗೆ ಹೆಚ್ಚು ಹೆಚ್ಚು ಆರ್ಡರ್ ಹಾಕುತ್ತಾರೆ, ಕಾರ್ಖಾನೆಯವರಿಗೆ ಒಮ್ಮೆ ಪ್ರವಾಹ, ಒಮ್ಮೆ ಬರ. ಆಟ ಮುಗಿದಾಗ ನಾಲ್ವರೂ ಒಬ್ಬರನ್ನೊಬ್ಬರು ದೂಷಿಸುತ್ತಿರುತ್ತಾರೆ. ಬೇಡಿಕೆಯ ಚೀಟಿಗಳನ್ನು ತಿರುಗಿಸಿ ತೋರಿಸಿದಾಗ ಕೋಣೆಯಲ್ಲಿ ಏಳುವ ನಗು ನನಗೆ ಬಹಳ ಇಷ್ಟ. ಒಟ್ಟಿಗೆ ಸೋತು, ಸೋಲಿಗೆ ಕಾರಣ ಪಕ್ಕದವರಲ್ಲ ಎಂದು ಅರಿತ ತಂಡ ಆ ಸಂಜೆಯಿಂದಲೇ ಬೇರೆ ರೀತಿಯಲ್ಲಿ ಮಾತಾಡತೊಡಗುತ್ತದೆ.

ಹಾರ್ವರ್ಡಿನ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳನ್ನು ಅಧ್ಯಯನ ಮಾಡಿದಾಗ, ಒಳ್ಳೆಯ ತಂಡಗಳಲ್ಲೇ ಔಷಧ ನೀಡಿಕೆಯ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಅಲ್ಲಿ ತಪ್ಪುಗಳು ನಿಜವಾಗಿಯೂ ಹೆಚ್ಚಿರಲಿಲ್ಲ; ತಪ್ಪನ್ನು ಬಾಯಿಬಿಟ್ಟು ಹೇಳಲು ಅಲ್ಲಿ ಯಾರೂ ಅಂಜುತ್ತಿರಲಿಲ್ಲ ಎಂಬುದು ಆಕೆ ಕೊಟ್ಟ ವಿವರಣೆ. ‘ನನಗೆ ಇದು ತಿಳಿಯದು’ ಎಂದು ತಾವು ಮೊದಲು ಹೇಳಿದರೆ ಉಳಿದ ನಾಲ್ವರಿಗೂ ಹಾಗೆ ಹೇಳಲು ದಾರಿಯಾಗುತ್ತದೆ. ನಿವೃತ್ತ ಸೇನಾಧಿಕಾರಿಗೆ ಬ್ಯಾಲೆನ್ಸ್ ಶೀಟ್ ತಿಳಿದಿರುತ್ತದೆ ಎಂದು ತಾವು ಭಾವಿಸಿದ್ದರೆ, ಅವರನ್ನೇ ಕೇಳಿ ನೋಡಿ.

ಮತ್ತೆ: ತುಂಗಾತೀರದವಳು

ಮೂವರಿಗೂ ಧನ್ಯವಾದಗಳು. ಮುಂದಿನ ವಾರದ ಮೊದಲ ರಾತ್ರಿ ಇಪ್ಪತ್ತು ನಿಮಿಷದ ಚರ್ಚೆಯ ವಿಷಯವನ್ನು ವಾಟ್ಸಾಪ್ ಗುಂಪಿನಲ್ಲಿ ಈಗಲೇ ಹಾಕಿದೆ. ಮೊದಲು ಒಪ್ಪಿದವರು ಸೇನೆಯವರೇ. ಇನ್ನೊಂದು ಸಂದೇಹವಿದೆ. ನಮ್ಮಲ್ಲೊಬ್ಬರಿಗೆ ವಾರವಿಡೀ ಆಫೀಸಿನ ಕರೆಗಳು ಬರುತ್ತಲೇ ಇರುತ್ತವೆ, ಕೊನೆಗೆ ಅವರ ಭಾಗವನ್ನು ಬೇರೆಯವರು ಮಾಡಬೇಕಾಗುತ್ತದೆ. ಟರ್ಮಿನ ಕೊನೆಯಲ್ಲಿ ಸದಸ್ಯರು ಪರಸ್ಪರ ಅಂಕ ಕೊಡುವ ಪದ್ಧತಿಯೂ ಇದೆ. ಅಲ್ಲಿ ಕಡಿಮೆ ಅಂಕ ಕೊಟ್ಟರೆ ಒಡನಾಟ ಕೆಡುತ್ತದೆ, ಕೊಡದಿದ್ದರೆ ಉಳಿದವರಿಗೆ ಅನ್ಯಾಯವಾಗುತ್ತದೆ.

ಉತ್ತರ: ನೇತ್ರಾವತಿ

ಅಂಕದ ಹಾಳೆಯಲ್ಲಿ ಅವರಿಗೆ ಮೊದಲ ಸಲ ವಿಷಯ ತಿಳಿಯುವಂತಾಗಬಾರದು. ವಾರದ ನಡುವಿನಲ್ಲೇ, ಒಬ್ಬರೇ ಸಿಕ್ಕಾಗ, ಚಹಾ ಕುಡಿಯುತ್ತಾ ಕೇಳಿಬಿಡಿ: ‘ಈ ವಾರ ಆಫೀಸಿನ ಒತ್ತಡ ಹೆಚ್ಚಿರುವಂತಿದೆ, ನಿಮ್ಮಿಂದ ಎಷ್ಟು ಸಾಧ್ಯ ಎಂದು ಈಗಲೇ ಹೇಳಿದರೆ ನಾವು ಅದರಂತೆ ಹೊಂದಿಸಿಕೊಳ್ಳುತ್ತೇವೆ.’ ಗುಂಪಿನ ಎದುರು ಕೇಳಬೇಡಿ.

ಉತ್ತರ: ಘಟಪ್ರಭಾ

ಜೊತೆಗೆ, ಅವರಿಗೆ ರಾತ್ರಿ ಕುಳಿತು ಮಾಡುವ ಕೆಲಸದ ಬದಲು ಹಗಲಿನಲ್ಲಿ ಮುಗಿಯುವ ಕೆಲಸ ಕೊಡಿ. ನಮ್ಮ ತಂಡದಲ್ಲಿ ಅಂಥವರೊಬ್ಬರಿದ್ದರು. ಎಕ್ಸೆಲ್ ಹಾಳೆಯ ಹತ್ತಿರ ಬರುತ್ತಿರಲಿಲ್ಲ, ಆದರೆ ಪ್ರಾಧ್ಯಾಪಕರ ಪ್ರಶ್ನೆಗಳಿಗೆ ನಿಂತಲ್ಲೇ ಉತ್ತರಿಸುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಹಿಂದಿನ ರಾತ್ರಿ ಅರ್ಧ ಗಂಟೆ ಅವರನ್ನು ಕೂರಿಸಿಕೊಂಡು ಲೆಕ್ಕ ವಿವರಿಸುತ್ತಿದ್ದೆವು, ಮರುದಿನದ ಪ್ರಶ್ನೋತ್ತರದ ಭಾರವನ್ನೆಲ್ಲ ಅವರೇ ಹೊರುತ್ತಿದ್ದರು. ಇಷ್ಟು ಮಾಡಿದ ಮೇಲೂ ಕೆಲಸ ಮಾಡದವರಿಗೆ ಕಡಿಮೆ ಅಂಕ ಕೊಡಲು ಹಿಂಜರಿಯಬೇಕಾಗಿಲ್ಲ.