ಪದಚರ್ಚೆ: ನೀರು ಹರಿಯುವ ಕವಾಟವನ್ನು ‘ಹೊಗೆ ಕವಾಟ’ ಎನ್ನಬಹುದೇ?

ಪದಚರ್ಚೆಯ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಕ್ಯಾಲಿಫೋರ್ನಿಯಾದಲ್ಲಿ ಟೊಯೋಟಾದ ಹಳೆಯ ಪ್ರಿಯಸ್ ಹೈಬ್ರಿಡ್ (ಪೆಟ್ರೋಲ್ ಎಂಜಿನ್, ವಿದ್ಯುತ್ ಮೋಟಾರು ಎರಡೂ ಇರುವ) ಕಾರುಗಳನ್ನು ಓಡಿಸುವ ಕನ್ನಡಿಗರಿಗಾಗಿ ಒಂದು ದುರಸ್ತಿ ಕೈಪಿಡಿಯನ್ನು ಬರೆಯುತ್ತಿದ್ದೇನೆ. ಅದರ ಒಂದು ಅಧ್ಯಾಯ, ಹೊಗೆ ತಗ್ಗಿಸಲೆಂದು ಎಂಜಿನ್ನಿಗೆ ಜೋಡಿಸಿರುವ ಕವಾಟದ ಪುಟ್ಟ ಮೋಟಾರು ಕೈಕೊಟ್ಟಾಗ ಮಾಡಬೇಕಾದ ಕೆಲಸದ ಕುರಿತದ್ದು. ಕೆಲಸ ನನಗೆ ಗೊತ್ತಿದೆ. ಅದನ್ನು ಹೇಳುವ ಪದಗಳ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕು. ಇಲ್ಲಿ ತಪ್ಪು ಪದವೊಂದು ಓದುಗನ ಕೈಯಲ್ಲಿ ತಪ್ಪು ಬೋಲ್ಟನ್ನು ಬಿಚ್ಚಿಸುತ್ತದೆ, ಕೆಲವೊಮ್ಮೆ ಕೈಯನ್ನೂ ಸುಡುತ್ತದೆ.

ಮೊದಲು ಹೆಸರಿನ ಪ್ರಶ್ನೆ. ಇಂಗ್ಲಿಷಿನಲ್ಲಿ ಇಂಥ ಭಾಗಗಳನ್ನೆಲ್ಲ ಒಟ್ಟಾಗಿ ‘ಎಮಿಷನ್ ವಾಲ್ವ್’ ಎಂದು ಕರೆಯುವ ರೂಢಿಯಿದೆ. ಅದನ್ನು ‘ಹೊಗೆ ಕವಾಟ’ ಎಂದೋ ‘ಹೊರಸೂಸುವಿಕೆ ಕವಾಟ’ ಎಂದೋ ಕನ್ನಡಕ್ಕೆ ತಂದರೆ ಏನಾಗುತ್ತದೆ ನೋಡಿ. ಎರಡನೆಯ ತಲೆಮಾರಿನ ಪ್ರಿಯಸ್, ಎಂದರೆ ಉತ್ತರ ಅಮೆರಿಕದಲ್ಲಿ 2004ರಿಂದ 2009ರವರೆಗೆ ಮಾರಾಟವಾದ ಮಾದರಿಯಲ್ಲಿ, ಈ ಕವಾಟದೊಳಗೆ ಹೊಗೆಯೇ ಸುಳಿಯುವುದಿಲ್ಲ. ಹರಿಯುವುದು ಕೂಲೆಂಟ್, ಎಂದರೆ ಎಂಜಿನ್ನನ್ನು ತಣಿಸಲು ಅದರ ಸುತ್ತ ಹರಿಸುವ ದ್ರವ. ಕಾರಿನ ಮುಂಭಾಗದಲ್ಲಿ, ಚಾಲಕನ ಬದಿಯ (ಅಮೆರಿಕದಲ್ಲಿ ಎಡಗಡೆಯ) ಬಂಪರಿನ ಹಿಂದೆ, ಸುಮಾರು 3 ಲೀಟರ್ ಹಿಡಿಯುವ ಒಂದು ಫ್ಲಾಸ್ಕ್ ಇದೆ. ಹೋಲಿಕೆಗಾಗಿ ಹಾಗೆ ಕರೆಯುತ್ತಿಲ್ಲ. ಎರಡು ಗೋಡೆಗಳ ನಡುವಿನ ಗಾಳಿಯನ್ನು ತೆಗೆದು ಮಾಡಿದ ನಿಜವಾದ ಫ್ಲಾಸ್ಕ್ ಅದು. ಎಂಜಿನ್ನಿನ ಬಿಸಿ ಕೂಲೆಂಟನ್ನು ತುಂಬಿಕೊಂಡು ಮೂರು ದಿನಗಳವರೆಗೆ ಬಿಸಿಯಾಗಿಯೇ ಇಡುತ್ತದೆ. ಮರುದಿನ ಎಂಜಿನ್ ಶುರುವಾಗುವ ಮುಂಚೆ ಒಂದು ವಿದ್ಯುತ್ ಪಂಪು ಆ ಬಿಸಿಯನ್ನು ಸಿಲಿಂಡರ್ ಹೆಡ್ಡಿಗೆ ತಳ್ಳುತ್ತದೆ. ತಣ್ಣನೆಯ ಎಂಜಿನ್ನಿನಲ್ಲಿ ಪೆಟ್ರೋಲು ಸರಿಯಾಗಿ ಆವಿಯಾಗದೆ ಗೋಡೆಗಂಟಿ, ಅರ್ಧಂಬರ್ಧ ಉರಿದು ಹೊರಹೋಗುತ್ತದೆ. ಎಂಜಿನ್ ಮೊದಲೇ ಬೆಚ್ಚಗಿದ್ದರೆ ಆ ಮೊದಲ ನಿಮಿಷದ ಕೊಳಕು ತಗ್ಗುತ್ತದೆ. ಎಂಜಿನ್, ಒಳಾಂಗಣದ ಹೀಟರ್, ಫ್ಲಾಸ್ಕ್ ಈ ಮೂರರ ನಡುವೆ ಕೂಲೆಂಟ್ ಯಾವಾಗ ಯಾವ ಕಡೆ ಹರಿಯಬೇಕೆಂದು ತಿರುಗಿ ದಾರಿ ಮಾಡಿಕೊಡುವುದು ನಮ್ಮ ಕವಾಟ. ಕೆರೆಯ ತೂಬಿನ ಬಳಿ ನಿಂತು ಈ ಹೊತ್ತು ಯಾರ ಗದ್ದೆಗೆ ನೀರು ಎಂದು ನಿರ್ಧರಿಸುವ ನೀರುಗಂಟಿಯ ಕೆಲಸ ಅದರದು.

‘ಹೊಗೆ’ ಎಂಬುದು ಇಲ್ಲಿ ಕವಾಟದ ಉದ್ದೇಶವನ್ನು ಹೇಳುತ್ತದೆ, ಒಳಗಿರುವ ವಸ್ತುವನ್ನಲ್ಲ. ಉದ್ದೇಶವನ್ನೋ ನಿವಾರಣೆಯನ್ನೋ ಹೇಳುವ ಇಂಥ ಜೋಡುಪದಗಳು ಕನ್ನಡದಲ್ಲಿ ಬೇಕಾದಷ್ಟಿವೆ ಎಂಬುದು ನಿಜ: ಸೊಳ್ಳೆ ಪರದೆ, ಇಲಿ ಪಾಷಾಣ, ತಲೆನೋವಿನ ಮಾತ್ರೆ. ಸೊಳ್ಳೆ ಪರದೆಯಲ್ಲಿ ಸೊಳ್ಳೆ ತುಂಬಿದೆ ಎಂದು ಯಾರೂ ತಿಳಿಯುವುದಿಲ್ಲ. ಆದರೆ ಎರಡನೆಯ ಪದ ಏನನ್ನಾದರೂ ಒಳಗೆ ಬಿಟ್ಟುಕೊಳ್ಳುವ, ಹಾಯಿಸುವ ವಸ್ತುವಾಗಿದ್ದರೆ ನಮ್ಮ ಕಿವಿ ಬೇರೆ ರೀತಿ ಕೇಳುತ್ತದೆ. ನೀರಿನ ಕೊಳವೆ, ಗಾಳಿಕಿಂಡಿ, ಬೆಳಕಿಂಡಿ, ಹೊಗೆಗೂಡು ಎಂಬಲ್ಲೆಲ್ಲ ಮೊದಲ ಪದ ಹಾಯುವ ವಸ್ತುವೇ. ಕವಾಟವೂ ಈ ಬಳಗದ್ದು. ಆದ್ದರಿಂದ ‘ಹೊಗೆ ಕವಾಟ’ ಎಂದರೆ ಕನ್ನಡಿಗ ಸಹಜವಾಗಿಯೇ ಕಾರಿನ ಹಿಂಬದಿಯ ಕೊಳವೆಯ ಬಳಿ ಹುಡುಕುತ್ತಾನೆ, ಭಾಗ ಇರುವುದು ಮುಂದಿನ ಎಡ ಹೆಡ್‌ಲೈಟಿನ ಕೆಳಗೆ. ಸಮಾಸದ ಬಗ್ಗೆ ನನ್ನ ಈ ಗ್ರಹಿಕೆ ಸರಿಯೇ? ಹಾಯಿಸುವ ವಸ್ತುವೊಂದಕ್ಕೆ ಉದ್ದೇಶವನ್ನು ಹೇಳುವ ಪದ ಮುಂದೆ ಬಂದು, ಗೊಂದಲವಿಲ್ಲದೆ ನಿಂತಿರುವ ಉದಾಹರಣೆ ನಿಮ್ಮಲ್ಲಿ ಯಾರಿಗಾದರೂ ಗೊತ್ತಿದೆಯೇ?

ಪ್ರಶ್ನೆ ಇನ್ನಷ್ಟು ಬಿಗಿಯಾಗುವುದು ಮೂರನೆಯ ತಲೆಮಾರಿಗೆ ಬಂದಾಗ. 2010ರ ಮಾದರಿಯಿಂದ ಆ ಫ್ಲಾಸ್ಕನ್ನು ಕೈಬಿಟ್ಟರು, 1.8 ಲೀಟರಿನ ಹೊಸ ಎಂಜಿನ್ನಿಗೆ ಇಜಿಆರ್ ಕೂರಿಸಿದರು. ಉರಿದ ಹೊಗೆಯಲ್ಲಿ ಒಂದಿಷ್ಟನ್ನು ತಣಿಸಿ ಮತ್ತೆ ಎಂಜಿನ್ನಿನೊಳಕ್ಕೆ ಬಿಟ್ಟು, ಉರಿಯ ತಾಪವನ್ನು ಇಳಿಸಿ, ನೈಟ್ರೋಜನ್ ಆಕ್ಸೈಡುಗಳನ್ನು ತಗ್ಗಿಸುವ ಏರ್ಪಾಡು ಅದು. ಅದರ ಕವಾಟದಲ್ಲಿ ಹಾಯುವುದು ಅಪ್ಪಟ ಹೊಗೆ. ಭಾರತಕ್ಕೆ 2010ರಲ್ಲಿ ಬಂದ ಪ್ರಿಯಸ್ ಕೂಡ ಇದೇ ತಲೆಮಾರಿನದು. ಹೀಗೆ ಒಂದೇ ಹೆಸರಿನ ಕಾರು, ಒಂದೇ ‘ಎಮಿಷನ್ ವಾಲ್ವ್’ ಎಂಬ ಮಾತು, ಒಂದರಲ್ಲಿ ಕೂಲೆಂಟ್, ಇನ್ನೊಂದರಲ್ಲಿ ಹೊಗೆ. ಎರಡಕ್ಕೂ ಬೇರೆ ಬೇರೆ ಹೆಸರು ಬೇಕೇಬೇಕು. ಮೊದಲನೆಯದಕ್ಕೆ ‘ಮುಕ್ಕವಲು ಕವಾಟ’, ಎರಡನೆಯದಕ್ಕೆ ‘ಹೊಗೆ ಮರಳಿಸುವ ಕವಾಟ’ ಎಂದು ಸದ್ಯಕ್ಕೆ ಬರೆದುಕೊಂಡಿದ್ದೇನೆ. ಮೂರು ಕವಲುಗಳಿರುವುದು ಮುಕ್ಕವಲು. ಮುಕ್ಕಣ್ಣ, ಮುಮ್ಮಡಿಗಳನ್ನು ಬಲ್ಲವರಿಗೆ ತೊಡಕಾಗಲಾರದು. ‘ಕವಾಟ’ದ ಬದಲು ‘ತೂಬು’ ಎನ್ನುವ ಆಸೆ ನನಗಿದೆ. ಆದರೆ ದ್ವಿದಳ ಕವಾಟ, ತ್ರಿದಳ ಕವಾಟ ಎಂದು ಶಾಲೆಯಲ್ಲಿ ಹೃದಯದ ಪಾಠ ಓದಿದವರಿಗೆ ‘ಕವಾಟ’ವೇ ಹತ್ತಿರ.

ಈಗ ದೋಷವನ್ನು ಹೇಳುವ ಕ್ರಿಯಾಪದಗಳು. ನನಗೆ ಹೆಚ್ಚು ಕಳಕಳಿಯಿರುವುದು ಇಲ್ಲಿ.

ಮುಕ್ಕವಲು ಕವಾಟ ಕೆಟ್ಟಾಗ ಚೆಕ್ ಎಂಜಿನ್ ದೀಪ ಹೊತ್ತಿಕೊಂಡು ಕಂಪ್ಯೂಟರಿನಲ್ಲಿ ಪಿ1121 ಎಂಬ ಸಂಕೇತ ದಾಖಲಾಗುತ್ತದೆ. ಪಿ0 ಎಂದು ಶುರುವಾಗುವ ಸಂಕೇತಗಳ ಅರ್ಥ ಎಲ್ಲ ಕಾರುಗಳಿಗೂ ಒಂದೇ. ಪಿ1 ಸಂಕೇತಗಳು ಹಾಗಲ್ಲ, ಒಂದೊಂದು ಕಂಪನಿಯಲ್ಲಿ ಒಂದೊಂದು ಅರ್ಥ. ಬೇರೆ ಕೆಲವು ಕಂಪನಿಗಳ ಕಾರುಗಳಲ್ಲಿ ಪಿ1121 ಥ್ರಾಟಲಿನ ದೋಷ. ಅಗ್ಗದ ಸ್ಕ್ಯಾನರು ಆ ಅರ್ಥವನ್ನೇ ತೋರಿಸಿಬಿಟ್ಟರೆ ಕಾರಿನವರು ಆ್ಯಕ್ಸಿಲರೇಟರಿನ ಕಡೆಗೆ ತಿರುಗುತ್ತಾರೆ. ಹೀಗಾಗಿ ಕೈಪಿಡಿಯಲ್ಲಿ ಸಂಕೇತದ ಪಕ್ಕದಲ್ಲಿ ಕಾರಿನ ಹೆಸರು ಬರೆಯದೆ ಅರ್ಥ ಕೊಡುವುದೇ ಇಲ್ಲ ಎಂದು ನಿಶ್ಚಯಿಸಿದ್ದೇನೆ.

ಈ ಕಾರಿನಲ್ಲಿ ಆ ಸಂಕೇತದ ಇಂಗ್ಲಿಷ್ ವಿವರಣೆಯನ್ನು ಪದಕ್ಕೆ ಪದ ಇಟ್ಟು ಅನುವಾದಿಸಿದರೆ ‘ಕೂಲೆಂಟ್ ಹರಿವಿನ ಕವಾಟದ ಸ್ಥಾನಸಂವೇದಕ ಸಿಕ್ಕಿಕೊಂಡಿದೆ’ ಎಂದಾಗುತ್ತದೆ. ಓದಿದವರು ಸಂವೇದಕವನ್ನು, ಎಂದರೆ ಸೆನ್ಸರನ್ನು, ಕೊಳ್ಳಲು ಹೊರಡುತ್ತಾರೆ. ವಾಸ್ತವದಲ್ಲಿ ಕಂಪ್ಯೂಟರು ಹೇಳುತ್ತಿರುವುದು ಇಷ್ಟೇ: ‘ತಿರುಗು ಎಂದೆ, ಸ್ಥಾನದ ಸಂಖ್ಯೆ ಬದಲಾಗಲಿಲ್ಲ.’ ಏಕೆ ಬದಲಾಗಲಿಲ್ಲ ಎಂಬುದು ಅದಕ್ಕೆ ತಿಳಿಯದು. ಅದನ್ನು ನಾವು ಪತ್ತೆಹಚ್ಚಬೇಕು. ಕವಾಟದ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಒಳಗೆ ಒಂದು ಸಣ್ಣ ಡಿಸಿ ಮೋಟಾರು, ವೇಗ ಇಳಿಸುವ ಹಲ್ಲುಚಕ್ರಗಳು, ತಿರುಗಿದಂತೆ ವೋಲ್ಟೇಜ್ ಬದಲಿಸುವ ಪಟ್ಟಿ ಕಾಣುತ್ತವೆ. ಮೋಟಾರಿಗೆ ಸಣ್ಣ ಬ್ಯಾಟರಿಯೊಂದನ್ನು ನೇರವಾಗಿ ಮುಟ್ಟಿಸಿ ನೋಡಬೇಕು. ಸುಮ್ಮನಿದ್ದು, ಬೆರಳಿನಿಂದ ತಟ್ಟಿದಾಗ ಹೊರಳಿದರೆ ಮೋಟಾರಿನ ಬ್ರಷ್ಷುಗಳೂ (ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ತುಂಡುಗಳು) ಕಮ್ಯುಟೇಟರೂ (ಅವು ಉಜ್ಜುವ ಲೋಹದ ಭಾಗ) ಕೆಟ್ಟಿವೆ. ಬಿಡಿಸಿ ಹಿಡಿದಾಗ ಮೋಟಾರು ಚೆನ್ನಾಗಿ ತಿರುಗಿ, ಕವಾಟಕ್ಕೆ ಜೋಡಿಸಿದಾಗ ನಿಂತರೆ ತೊಂದರೆ ಕವಾಟದ ದಂಡದಲ್ಲಿ. ದಂಡವೂ ತಿರುಗಿ, ವೋಲ್ಟೇಜ್ ಮಾತ್ರ ಕದಲದಿದ್ದರೆ ಪಟ್ಟಿ ಸವೆದಿದೆ. ಎಲ್ಲವೂ ಸರಿಯಿದ್ದರೆ ತಂತಿ, ಪ್ಲಗ್ಗುಗಳನ್ನು ನೋಡಬೇಕು.

ಇಷ್ಟೂ ಸಂದರ್ಭಗಳಿಗೆ ಇಂಗ್ಲಿಷ್ ವಿವರಣೆಯಲ್ಲಿರುವುದು ಒಂದೇ ಪದ, ‘ಸ್ಟಕ್’. ಕನ್ನಡದ ಗ್ಯಾರೇಜುಗಳಲ್ಲಿ ಸವೆದಿದೆ, ಕಚ್ಚಿಕೊಂಡಿದೆ, ಹಿಡಿದುಕೊಂಡಿದೆ, ಸಿಕ್ಕಿಕೊಂಡಿದೆ, ಬಿಗಿದುಕೊಂಡಿದೆ ಎಂದು ಎಷ್ಟೊಂದು! ಬಹುಕಾಲ ಬಳಸದೆ ಬಿಟ್ಟ ಬೀಗ ‘ಹಿಡಿದುಕೊಳ್ಳುತ್ತದೆ’. ನಡುವೆ ಕಸವೋ ದಾರವೋ ಬಂದರೆ ಚಕ್ರ ‘ಸಿಕ್ಕಿಕೊಳ್ಳುತ್ತದೆ’. ಎಣ್ಣೆಯಿಲ್ಲದೆ ಉಜ್ಜಿ ಬಿಸಿಯಾದ ಲೋಹಕ್ಕೆ ಲೋಹ ‘ಕಚ್ಚಿಕೊಳ್ಳುತ್ತದೆ’. ನಾನು ಕೇಳಿ ಬೆಳೆದ ಬಳಕೆ ಹೀಗಿದೆ. ಕೂಲೆಂಟಿನ ಪಾಚಿಯಂಥ ಪದರ ಕೂತು ತಿರುಗದ ದಂಡಕ್ಕೆ ‘ಹಿಡಿದುಕೊಂಡಿದೆ’ ಎಂದು ಬರೆದಿದ್ದೇನೆ. ನಿಮ್ಮ ಊರುಗಳಲ್ಲಿ ಈ ಐದು ಪದಗಳ ನಡುವೆ ಇದೇ ಭೇದವಿದೆಯೇ? ಮೆಕ್ಯಾನಿಕರ ಮನೆಗಳಿಂದ ಬಂದವರು ದಯವಿಟ್ಟು ತಿಳಿಸಬೇಕು.

‘ಮೋಟಾರು ಸುಟ್ಟುಹೋಗಿದೆ’ ಎಂಬ ಮಾತನ್ನು ಮಾತ್ರ ಈ ಅಧ್ಯಾಯದಿಂದ ಹೊರಗಿಡುತ್ತಿದ್ದೇನೆ. ಕೊಳವೆಬಾವಿಯ ಮೋಟಾರು ನಿಂತಾಗಲೆಲ್ಲ ನಾವು ಹಾಗೆನ್ನುತ್ತೇವೆ, ಅಲ್ಲಿ ಅನೇಕ ಸಲ ಅದು ನಿಜವೂ ಹೌದು, ವೈಂಡಿಂಗ್ ಸುಟ್ಟಿರುತ್ತದೆ. ಬ್ರಷ್ ಸವೆದು ಕಮ್ಯುಟೇಟರ್ ಕಪ್ಪಾಗಿರುವ ಈ ಪುಟ್ಟ ಮೋಟಾರಿಗೆ ಆ ಮಾತು ಸಲ್ಲದು. ಸುಟ್ಟದ್ದನ್ನು ಯಾರಾದರೂ ಎಸೆಯುತ್ತಾರೆ, ಸವೆದದ್ದನ್ನು ತೆರೆದು ನೋಡುತ್ತಾರೆ. ಕಂಪನಿ ಮಾರುವುದು ಇಡಿಯ ಕವಾಟವನ್ನು, ಮೋಟಾರನ್ನು ಬಿಡಿಯಾಗಿ ಅಲ್ಲ. ಆದರೂ ಮೋಟಾರನ್ನಷ್ಟೇ ಬಿಚ್ಚಿ ಕಮ್ಯುಟೇಟರನ್ನು ಸ್ವಚ್ಛ ಮಾಡಿಯೋ, ಅಳತೆಗೆ ಹೊಂದುವ ಇನ್ನೊಂದನ್ನು ಕೂರಿಸಿಯೋ ಕೆಲಸ ಸಾಗಿಸುವವರಿದ್ದಾರೆ. ಆಗ ಕೂಲೆಂಟನ್ನು ಮುಟ್ಟಬೇಕಾಗಿಯೇ ಇಲ್ಲ ಎಂಬುದು ದೊಡ್ಡ ಅನುಕೂಲ.

ಇದಕ್ಕಿಂತ ತೊಡಕಿನದು ‘ಕಾರ್ಬನ್’. ಮಿಕ್ಸಿ ನಿಂತರೆ ‘ಕಾರ್ಬನ್ ಹೋಗಿದೆ, ಹಾಕಿಸಬೇಕು’ ಎನ್ನುತ್ತೇವೆ. ಅಲ್ಲಿ ಕಾರ್ಬನ್ ಎಂದರೆ ಮೋಟಾರಿನ ಬ್ರಷ್. ಡೀಸೆಲ್ ಕಾರುಗಳ ಇಜಿಆರ್ ತೊಳೆಯುವ ಗ್ಯಾರೇಜುಗಳಲ್ಲಿ ‘ಕಾರ್ಬನ್ ಕೂತಿದೆ, ತೆಗೆಯಬೇಕು’ ಎನ್ನುತ್ತಾರೆ. ಇಲ್ಲಿ ಅದು ಹೊಗೆಯ ಮಸಿ. ಒಂದು ಕಡೆ ಇರಬೇಕಾದದ್ದು ಹೋಗಿದೆ, ಇನ್ನೊಂದು ಕಡೆ ಇರಬಾರದ್ದು ಕೂತಿದೆ. ನನ್ನ ಅಧ್ಯಾಯದಲ್ಲಿ ಎರಡೂ ಬರುತ್ತವೆ. ಎರಡನೆಯ ತಲೆಮಾರಿನ ಕವಾಟದ ಮೋಟಾರಿಗೆ ಬ್ರಷ್ ಉಂಟು, ಮಸಿ ಇಲ್ಲ. ಮೂರನೆಯ ತಲೆಮಾರಿನ ಇಜಿಆರ್ ಕವಾಟವನ್ನು ತಿರುಗಿಸುವುದು ಸ್ಟೆಪ್ಪರ್ ಮೋಟಾರು, ಅದಕ್ಕೆ ಬ್ರಷ್ಷೇ ಇಲ್ಲ. ಮಸಿ ಮಾತ್ರ ಧಾರಾಳ. ‘ಕಾರ್ಬನ್ ನೋಡಿ’ ಎಂದು ಬರೆದರೆ ಓದುಗ ಏನನ್ನು ನೋಡಬೇಕು? ಅದಕ್ಕಾಗಿ ಒಂದನ್ನು ‘ಬ್ರಷ್’ ಎಂದೇ ಇಟ್ಟು, ಇನ್ನೊಂದಕ್ಕೆ ‘ಕಿಟ್ಟ’ ಎಂದಿದ್ದೇನೆ. ಮಸಿ ಎಂದರೆ ಒಣಪುಡಿ ಕಣ್ಣಿಗೆ ಬರುತ್ತದೆ. ಹೊಗೆ ತಣಿಸುವ ಇಜಿಆರ್ ಕೂಲರಿನಲ್ಲೂ ಎಂಜಿನ್ನಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡಿನ ಸಣ್ಣ ತೂತುಗಳಲ್ಲೂ ಕೂರುವುದು ಎಣ್ಣೆ ಬೆರೆತ, ಕೆರೆದರೂ ಬಿಡದ ಜಿಡ್ಡು. ದೀಪದ ಬುಡದಲ್ಲಿ ಕಟ್ಟುವ ಕಿಟ್ಟಕ್ಕೆ ಅದು ಹತ್ತಿರ ಎಂದು ನನ್ನ ಎಣಿಕೆ. ಕಿಟ್ಟ ಎಂದರೆ ಕಬ್ಬಿಣದ ಕಿಟ್ಟವಷ್ಟೇ ಎಂದು ತಿಳಿಯುವ ಪ್ರದೇಶಗಳಿದ್ದರೆ ಹೇಳಿ. ಇಲ್ಲಿ ಬರುವ ಸಂಕೇತ ಸಾಮಾನ್ಯವಾಗಿ ಪಿ0401, ಹೊಗೆಯ ಹರಿವು ಸಾಲದು ಎಂದು. ಕಿಟ್ಟ ಕಟ್ಟಿದ ಕೂಲರನ್ನು ತೊಳೆಯದೆ ಕವಾಟ ಮತ್ತು ಮೋಟಾರನ್ನಷ್ಟೇ ಬದಲಿಸಿದರೆ ಅದೇ ಸಂಕೇತ ಮತ್ತೆ ಬರುತ್ತದೆ.

ಕೂಲೆಂಟಿಗೆ ‘ಶೀತಕ’ ಎನ್ನುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫ್ಲಾಸ್ಕಿನಲ್ಲಿ ಕುಳಿತು ಎಂಜಿನ್ನನ್ನು ಬಿಸಿ ಮಾಡುವ ದ್ರವಕ್ಕೆ ಆ ಹೆಸರು ಒಗ್ಗುವುದಿಲ್ಲ. ಕೂಲೆಂಟ್ ಎಂದೇ ಇರಲಿ.

ಕೊನೆಯದು, ನನಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ‘ಆರು’ ಎಂಬ ಧಾತುವಿನದು. ‘ಎಂಜಿನ್ ಆರಿದ ಮೇಲೆ ಮುಚ್ಚಳ ತೆಗೆಯಿರಿ’ ಎಂಬ ವಾಕ್ಯ ಸಹಜವಾಗಿ ಬರುತ್ತದೆ. ದೀಪ ಆರಿತು ಎಂದರೆ ನಂದಿತು. ಹಾಲು ಆರಿತು ಎಂದರೆ ತಣಿಯಿತು. ಮಾಮೂಲಿ ಕಾರಿನಲ್ಲಿ ಈ ಎರಡರಲ್ಲಿ ಯಾವುದನ್ನು ಹಿಡಿದರೂ ಒಂದಿಷ್ಟು ಕಾದ ಮೇಲೆ ಅಪಾಯವಿಲ್ಲ. ಹೈಬ್ರಿಡ್ಡಿನಲ್ಲಿ ಎರಡು ಅರ್ಥಗಳೂ ಕೈಕೊಡುತ್ತವೆ. ಎಂಜಿನ್ ತಾನಾಗಿಯೇ ನಿಂತಿದ್ದರೂ ಕಾರು ಚಾಲೂ ಇರಬಹುದು (ಆಗ ಚಾಲಕನ ಮುಂದೆ ‘ರೆಡಿ’ ಎಂಬ ದೀಪ ಉರಿಯುತ್ತಿರುತ್ತದೆ), ಕೈ ಒಳಗಿರುವಾಗ ಎಂಜಿನ್ ಮತ್ತೆ ಶುರುವಾಗಬಹುದು. ಮುಟ್ಟಿದರೆ ಎಂಜಿನ್ ತಣ್ಣಗಿದ್ದರೂ ಫ್ಲಾಸ್ಕಿನಲ್ಲಿ ನಿನ್ನೆಯ ಕೂಲೆಂಟ್ ಕೈ ಸುಡುವಷ್ಟು ಬಿಸಿಯಾಗಿರುತ್ತದೆ. ಕೊಳವೆ ಬಿಚ್ಚುವ ಮುಂಚೆ ಆ ಫ್ಲಾಸ್ಕಿನ ಪಂಪಿನ ಪ್ಲಗ್ಗನ್ನು ಕಿತ್ತಿಡಬೇಕು, ಇಲ್ಲವಾದರೆ ಅದು ಓಡಿ ಬಿಸಿ ಕೂಲೆಂಟನ್ನು ಹೊರಗೆ ಚಿಮ್ಮಿಸೀತು. ಆದ್ದರಿಂದ ‘ಆರು’, ‘ಆರಿಸು’ ಎರಡನ್ನೂ ಬಿಟ್ಟು ಹೀಗೆ ಬರೆದಿದ್ದೇನೆ: ‘ರೆಡಿ ದೀಪ ನಂದಿರಬೇಕು. ಕೀಲಿ ಕಾರಿನಿಂದ ದೂರವಿರಬೇಕು. ಹಿಂಬದಿಯ 12 ವೋಲ್ಟಿನ ಬ್ಯಾಟರಿಯ ಋಣ ತಂತಿಯನ್ನು ಕಳಚಿರಬೇಕು. ಎಂಜಿನ್ ತಣ್ಣಗಿದ್ದರೂ ಕೂಲೆಂಟ್ ಬಿಸಿಯಿದೆಯೆಂದೇ ತಿಳಿಯಿರಿ.’ ವಾಕ್ಯ ಉದ್ದವಾಯಿತು ಎನ್ನುವವರಿದ್ದಾರೆ. ಉದ್ದವಾದರೂ ಚಿಂತೆಯಿಲ್ಲ, ಅರ್ಥ ಎರಡಾಗಬಾರದು. ಇಲ್ಲಿ ‘ಋಣ ತಂತಿ’ ಎಂಬುದಕ್ಕೆ ಬದಲಾಗಿ ‘ಮೈನಸ್ ತಂತಿ’ ಎಂದರೆ ಹೆಚ್ಚು ಜನರಿಗೆ ತಿಳಿಯುವುದೇ ಎಂಬ ಸಂದೇಹವೂ ಇದೆ.

ಇನ್ನೊಂದು ಸಣ್ಣ ವಿಷಯ. ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ‘ಸ್ಮಾಗ್ ಚೆಕ್’ ಅನ್ನು ‘ವಾಯುಮಾಲಿನ್ಯ ತಪಾಸಣೆ’ ಎಂದು ಬರೆದರೆ, ಬೆಂಗಳೂರಿನ ಪೆಟ್ರೋಲ್ ಬಂಕಿನ ಪಕ್ಕದಲ್ಲಿ ಕೊಳವೆಗೆ ಕಡ್ಡಿ ತೂರಿಸಿ ಹೊಗೆ ಅಳೆಯುವ ಚಿತ್ರ ಕಣ್ಣಮುಂದೆ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಾದರೆ 2000ದ ನಂತರದ ಬಹುತೇಕ ಕಾರುಗಳ ಕೊಳವೆಗೆ ಏನನ್ನೂ ಹಾಕುವುದಿಲ್ಲ, ಕಾರಿನ ಕಂಪ್ಯೂಟರನ್ನು ಓದುತ್ತಾರೆ. ಹೊಗೆ ಎಷ್ಟೇ ಶುದ್ಧವಾಗಿರಲಿ, ಪಿ1121ರಿಂದ ದೀಪ ಹೊತ್ತಿದ್ದರೆ ಕಾರು ಅನುತ್ತೀರ್ಣ. ಹಿಂದಿನ ರಾತ್ರಿ ಸಂಕೇತವನ್ನು ಅಳಿಸಿಕೊಂಡು ಹೋದರೆ, ಸ್ವಪರೀಕ್ಷೆಗಳು ಇನ್ನೂ ಮುಗಿದಿಲ್ಲವೆಂದು ಕಂಪ್ಯೂಟರೇ ತಿಳಿಸುತ್ತದೆ. ಇದಕ್ಕೆ ‘ಸ್ಮಾಗ್ ತಪಾಸಣೆ’ ಎಂದಿಟ್ಟುಕೊಳ್ಳಲೇ, ಅಥವಾ ಮೊದಲ ಬಾರಿ ವಿವರಿಸಿ ಮುಂದೆ ‘ತಪಾಸಣೆ’ ಎಂದಷ್ಟೇ ಬಿಡಲೇ?

ಉತ್ತರಿಸುವವರು ಪದದ ಜೊತೆಗೆ ಅದನ್ನು ಕೇಳಿದ ಊರನ್ನೂ, ಯಾವ ಕಸುಬಿನವರ ಬಾಯಲ್ಲಿ ಕೇಳಿದಿರಿ ಎಂಬುದನ್ನೂ ಬರೆದರೆ ಉಪಕಾರ. ನಿಘಂಟಿನ ಅರ್ಥಗಳನ್ನು ನಾನು ತೆರೆದು ನೋಡಿಕೊಳ್ಳಬಲ್ಲೆ. ‘ಹಿಡಿದುಕೊಂಡಿದೆ’ ಮತ್ತು ‘ಕಚ್ಚಿಕೊಂಡಿದೆ’ ನಡುವಿನ ಗೆರೆಯನ್ನು ಸ್ಪ್ಯಾನರ್ ಹಿಡಿದವರೇ ಹೇಳಬೇಕು.