ದಣಪೆಯ ಬಳಿ ಹತ್ತುವ ಹಳದಿ ದೀಪ

ಗುಂಪು: ಮನೆಮಂದಿ
ಭಾನುವಾರ

ಚಿಕ್ಕಪ್ಪ (ಶಿರಸಿ): [ಚಿತ್ರ] ಗ್ಯಾರೇಜಿನವರು ಕೊಟ್ಟ ಅಂದಾಜು ಪಟ್ಟಿ. ಕಾರಿನ ಹಳದಿ ದೀಪ ಆರಬೇಕಾದರೆ ಎಬಿಎಸ್ (ಬ್ರೇಕ್ ಒತ್ತಿದಾಗ ಗಾಲಿ ಹಿಡಿದುಕೊಳ್ಳದಂತೆ ನೋಡಿಕೊಳ್ಳುವ ವ್ಯವಸ್ಥೆ) ನಡೆಸುವ ಮಾಡ್ಯೂಲನ್ನೇ ಬದಲಾಯಿಸಬೇಕಂತೆ. ಒಟ್ಟು ₹41,700. ಕಾರು ಮೂವರದೂ ಆದ್ದರಿಂದ ತಲೆಗೆ ₹13,900. ಅಣ್ಣಂದಿರು ನೋಡಿ ತಿಳಿಸಿ.

ದೊಡ್ಡಪ್ಪ (ಮೈಸೂರು): ಹೋದ ತಿಂಗಳು ಇದೇ ದೀಪಕ್ಕೆ ಗಾಲಿಯ ವೇಗ ಅಳೆಯುವ ಸೆನ್ಸರ್ ಹಾಕಿಸಿ ₹3,200 ಕೊಟ್ಟೆ ಎಂದಿದ್ದೆಯಲ್ಲ? ಅದು ಯಾವ ದೇವರ ಹುಂಡಿಗೆ ಹೋಯಿತು?

ಚಿಕ್ಕಪ್ಪ: ಎಂಟು ದಿನ ದೀಪ ಇರಲಿಲ್ಲ. ಈಗ ಮತ್ತೆ ಬಂದಿದೆ. ಸ್ಕ್ಯಾನರ್ ಹಾಕಿದರೆ ಅದೇ ದೋಷದ ಕೋಡ್, ಎಡಬದಿಯ ಮುಂದಿನ ಗಾಲಿಯದು. ಸೆನ್ಸರ್ ಹೊಸದು, ಹಾಗಾಗಿ ಕೆಟ್ಟಿರುವುದು ಮಾಡ್ಯೂಲ್ ಎನ್ನುತ್ತಾರೆ.

ಅಪ್ಪ: ಚಾಲಿ ಅಡಿಕೆಯ ಚೀಲ ಹೇರಿಕೊಂಡು ಸೊಸೈಟಿಗೆ ಹೋಗುವುದನ್ನು ನಿಲ್ಲಿಸಿದರೆ ಯಾವುದೂ ಕೆಡುವುದಿಲ್ಲ.

ಚಿಕ್ಕಪ್ಪ: ಚೀಲ ಇರುವುದು ಹಿಂದೆ, ಕೋಡ್ ಬಂದಿರುವುದು ಮುಂದಿನ ಗಾಲಿಗೆ. ತಿಂಗಳಿಗೆ ಎರಡು ಸಲ ಆಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದೂ ಅದೇ ಕಾರಿನಲ್ಲಿ. ಅದನ್ನೂ ಲೆಕ್ಕಕ್ಕೆ ಬರೆದುಕೋ ಅಣ್ಣಾ.

ದೊಡ್ಡಪ್ಪ: [ಹಲವು ಬಾರಿ ಮುಂದಕ್ಕೆ ಕಳುಹಿಸಲಾದ ಸಂದೇಶ] ಎಬಿಎಸ್ ದೀಪ ಬಂದಿದೆಯೇ? ಗ್ಯಾರೇಜಿನಲ್ಲಿ ಮೋಸ ಹೋಗಬೇಡಿ!! ಬಾನೆಟ್ ತೆರೆದು ಎಬಿಎಸ್ ಫ್ಯೂಸ್ ಕೀಳಿರಿ. ದೀಪ ಆರುತ್ತದೆ. ಹತ್ತು ಮಂದಿಗೆ ಕಳುಹಿಸಿ.

ದೊಡ್ಡಪ್ಪ: ನಾನು ಅಂಬಾಸಿಡರ್ ಓಡಿಸಿದವನು. ಎಬಿಎಸ್ ಎಂಬ ಹೆಸರನ್ನೇ ಕೇಳದೆ ದೇವಿಮನೆ ಘಟ್ಟ ಇಳಿದಿದ್ದೇನೆ.

ಅತ್ತೆ (ಕುಮಟಾ): ಘಟ್ಟವನ್ನೂ ಇಳಿದಿದ್ದೀಯ, ಒಂದು ಸಲ ಚರಂಡಿಗೂ ಇಳಿದಿದ್ದೀಯ ಅಣ್ಣಾ. ಹಿಂದಿನ ಸೀಟಿನಲ್ಲಿ ನಾನಿದ್ದೆ.

ಭಾವ (ಹುಬ್ಬಳ್ಳಿ): ದೊಡ್ಡ ಮಾವ, ಫ್ಯೂಸ್ ಕಿತ್ತರೆ ದೀಪ ಆರುವುದಿಲ್ಲ, ಹತ್ತಿಕೊಂಡೇ ಇರುತ್ತದೆ. ಎಬಿಎಸ್ ಕೆಲಸ ಮಾಡುತ್ತಿಲ್ಲ ಎಂದು ಹೇಳುವುದಕ್ಕೇ ಆ ದೀಪ ಇರುವುದು. ಮಾಮೂಲಿ ಬ್ರೇಕ್ ಉಳಿಯುತ್ತದೆ, ನಿಜ. ಆದರೆ ಹಿಂದಿನ ಗಾಲಿಗಳಿಗೆ ಎಷ್ಟು ಒತ್ತಡ ಹೋಗಬೇಕು ಎಂದು ನೋಡಿಕೊಳ್ಳುವುದೂ ಅದೇ ಮಾಡ್ಯೂಲ್. ಮಳೆಯಲ್ಲಿ ಹಿಂದಿನ ಗಾಲಿ ಮೊದಲು ಹಿಡಿದುಕೊಂಡರೆ ಕಾರು ಅಡ್ಡ ತಿರುಗುತ್ತದೆ. ಹಳದಿ ದೀಪದ ಜೊತೆಗೆ ಬ್ರೇಕಿನ ಕೆಂಪು ದೀಪವೂ ಬಂದರೆ ಕಾರನ್ನು ಅಂಗಳದಿಂದ ಹೊರಗೆ ತೆಗೆಯಲೇಬೇಡಿ.

ನಾನು: ಭಾವ, ಮಲ್ಟಿಮೀಟರ್ ಹಿಡಿದು ಸಾವಿರ ಓಮ್ ಆಸುಪಾಸು ಬಂದರೆ ಸೆನ್ಸರ್ ಸರಿ ಇದೆ ಎಂದು ಒಂದು ವಿಡಿಯೋದಲ್ಲಿ ತೋರಿಸಿದ್ದಾರೆ. ಅಳೆಯೋಣವೇ?

ಭಾವ: ಅದು ಹಳೆಯ ಬಗೆಯ ಸೆನ್ಸರಿಗೆ. ಅಯಸ್ಕಾಂತದ ಸುತ್ತ ತಂತಿಯ ಸುರುಳಿ, ಎದುರಿಗೆ ಹಲ್ಲಿನ ಚಕ್ರ. ಗಾಲಿ ಉರುಳಿದರೆ ತಾನೇ ವಿದ್ಯುತ್ ಹುಟ್ಟಿಸುತ್ತದೆ. ನಮ್ಮ ಕಾರು 2019ರದು, ಸೆನ್ಸರಿನ ಒಳಗೆ ಚಿಪ್ ಇದೆ. ಮಾಡ್ಯೂಲಿನಿಂದ ವಿದ್ಯುತ್ ಬಂದರೆ ಮಾತ್ರ ಅದಕ್ಕೆ ಜೀವ. ಆಮೇಲೆ 7 ಮಿಲಿಆಂಪಿಯರ್, 14 ಮಿಲಿಆಂಪಿಯರ್ ಎಂದು ಏರಿಳಿಸಿ ವೇಗ ತಿಳಿಸುತ್ತದೆ. ಓಮ್ ಅಳೆದರೆ ಏನೂ ಗೊತ್ತಾಗುವುದಿಲ್ಲ, ಚಿಪ್ಪಿಗೆ ಪೆಟ್ಟು ಬಿದ್ದರೂ ಬೀಳಬಹುದು.

ದೊಡ್ಡಪ್ಪ: ಪಾಠ ಆಮೇಲೆ ಅಳಿಯಂದಿರೇ. ₹13,900 ಕೊಡಬೇಕೋ ಬೇಡವೋ?

ಭಾವ: ಸದ್ಯಕ್ಕೆ ಒಂದು ರೂಪಾಯಿಯೂ ಬೇಡ. ಪಟ್ಟಿಯ ಮೂಲೆಯಲ್ಲಿ ಬರೆದಿರುವ ಸಿ 0035 ಕೋಡಿನ ಅರ್ಥ, ಆ ಗಾಲಿಯ ಸುದ್ದಿ ಮಾಡ್ಯೂಲಿಗೆ ಸರಿಯಾಗಿ ತಲುಪುತ್ತಿಲ್ಲ ಎಂದಷ್ಟೇ. ಯಾಕೆ ತಲುಪುತ್ತಿಲ್ಲ ಎಂಬುದನ್ನು ನಾವೇ ಹುಡುಕಬೇಕು. ಇವರು ಈ ತುದಿಯ ಸೆನ್ಸರ್ ಬದಲಾಯಿಸಿದರು, ಈಗ ಆ ತುದಿಯ ಮಾಡ್ಯೂಲ್ ಬದಲಾಯಿಸಲು ಹೊರಟಿದ್ದಾರೆ. ನಡುವಿನ ತಂತಿಯನ್ನು ಮುಟ್ಟಿ ನೋಡಿದವರಿಲ್ಲ. ಚಿಕ್ಕ ಮಾವ, ದೀಪ ಹತ್ತುವುದು ಹೆಚ್ಚಾಗಿ ಎಲ್ಲಿ?

ಚಿಕ್ಕಪ್ಪ: ಎಲ್ಲಿ ಎಂದರೆ? ಯೋಚಿಸಿದರೆ ಬಹಳ ಸಲ ದಣಪೆಯ (ಅಡ್ಡಗಳುಗಳ ಗೇಟಿನ) ಗಳು ತೆಗೆದು ಅಂಗಳಕ್ಕೆ ತಿರುಗಿಸುವಾಗಲೇ.

ಅಪ್ಪ: ಭೂತಪ್ಪನಿಗೆ ಒಂದು ಕಾಯಿ ಒಡೆಸು. ₹41,700ಕ್ಕಿಂತ ಅಗ್ಗ.

ಭಾವ: ಅಲ್ಲಿ ಸ್ಟೇರಿಂಗ್ ಪೂರ್ತಿ ಬಲಕ್ಕೆ ತಿರುಗಿಸಬೇಕು, ನನಗೆ ನೆನಪಿದೆ. ಒಂದು ಕೆಲಸ ಮಾಡಿ. ನೇರ ರಸ್ತೆಯಲ್ಲಿ ಓಡಿಸಿ ದೀಪ ಆರಲು ಬಿಡಿ. ಕಾರು ನಿಲ್ಲಿಸಿ, ಎಂಜಿನ್ ನಿಲ್ಲಿಸದೆ, ನಿಂತಲ್ಲೇ ಸ್ಟೇರಿಂಗನ್ನು ಎರಡೂ ಕಡೆಗೆ ಕೊನೆಯವರೆಗೆ ತಿರುಗಿಸಿ. ಗಾಲಿ ಉರುಳದೆಯೇ ದೀಪ ಬಂದರೆ ಅದು ಸೆನ್ಸರಿನ ಎದುರಿಗೆ ಗಾಲಿಯೊಂದಿಗೆ ತಿರುಗುವ ಬೇರಿಂಗಿನ ತಪ್ಪಲ್ಲ, ತಂತಿಯದು.

(ಮುಕ್ಕಾಲು ಗಂಟೆ ಯಾರೂ ಮಾತಾಡಲಿಲ್ಲ. ಅತ್ತೆ ನಡುವೆ ಹಲಸಿನ ಹಪ್ಪಳದ ಚಿತ್ರ ಹಾಕಿದರು.)

ಚಿಕ್ಕಪ್ಪ: ಎಡಕ್ಕೆ ಏನೂ ಇಲ್ಲ. ಬಲಕ್ಕೆ ಕೊನೆ ಮುಟ್ಟಿದೊಡನೆ ಹತ್ತಿತು. ಮತ್ತೆ ಓಡಿಸಿ, ಆರಿಸಿಕೊಂಡು, ಮೂರು ಸಲ ನೋಡಿದೆ. ಮೂರು ಸಲವೂ ಹಾಗೆಯೇ.

ಭಾವ: ಈಗ ಎಂಜಿನ್ ನಿಲ್ಲಿಸಿ, ಸ್ಟೇರಿಂಗ್ ಹಾಗೆಯೇ ಇರಲಿ, ಗಾಲಿಯ ಹಿಂದಕ್ಕೆ ಟಾರ್ಚ್ ಬಿಡಿ.

ಚಿಕ್ಕಪ್ಪ: [ಚಿತ್ರ] ತಂತಿ ಬಟ್ಟೆ ಒಣಗಿಸುವ ಹಗ್ಗದ ಹಾಗೆ ಬಿಗಿದುಕೊಂಡಿದೆ.

ಭಾವ: ಸಿಕ್ಕಿತು! ಶಾಕ್ ಅಬ್ಸಾರ್ಬರಿನ ಪಕ್ಕದಲ್ಲಿ ಒಂದು ಖಾಲಿ ಕೊಂಡಿ ಕಾಣುತ್ತಿದೆಯಲ್ಲ, ತಂತಿಯ ಮೇಲಿನ ರಬ್ಬರ್ ತುಂಡನ್ನು ಅದರಲ್ಲಿ ಕೂರಿಸಬೇಕಿತ್ತು. ಸೆನ್ಸರ್ ಹಾಕಿದವರು ಕೂರಿಸದೆ ಬಿಟ್ಟಿದ್ದಾರೆ. ಗಾಲಿ ತಿರುಗಿದಾಗ ಎಳೆತವೆಲ್ಲ ಮೇಲಿನ ಕನೆಕ್ಟರಿಗೆ ಬೀಳುತ್ತಿದೆ. ಅದನ್ನು ಬಿಚ್ಚಿ ನೋಡಿ.

ಚಿಕ್ಕಪ್ಪ: [ಚಿತ್ರ] ಲಾಕ್ ಮುರಿದಿದೆ. ಒಳಗಿನ ಒಂದು ಪಿನ್ ತಿಂಗಳುಗಟ್ಟಲೆ ತೊಳೆಯದ ತಾಮ್ರದ ತಂಬಿಗೆಯ ಹಾಗೆ ಹಸಿರಾಗಿದೆ.

ಭಾವ: ಕಿಲುಬು. ಮಳೆನೀರು ಒಳಗೆ ಹೋಗಿದೆ. ಮೊದಲ ಸಲ ದೀಪ ಬಂದದ್ದೂ ಇದರಿಂದಲೇ ಇರಬೇಕು. ಬಿಚ್ಚಿ ಹಾಕುವಾಗ ಪಿನ್ ಸ್ವಲ್ಪ ಉಜ್ಜಿದಂತಾಗಿ ಎಂಟು ದಿನ ನಡೆದಿದೆ. ಹಳೆಯ ಸೆನ್ಸರ್ ಇದೆಯೇ?

ಚಿಕ್ಕಪ್ಪ: ಅವರೇ ಇಟ್ಟುಕೊಂಡರು. ನಾನು ಕೇಳಲಿಲ್ಲ.

ಅತ್ತೆ: ಕುಕ್ಕರಿನ ರಬ್ಬರ್ ಬದಲಾಯಿಸಿದರೂ ನಾನು ಹಳೆಯದನ್ನು ಕೇಳಿ ತರುತ್ತೇನೆ.

ಭಾವ: ವಾಹನದ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ ಕನೆಕ್ಟರ್ ಬದಲಾಯಿಸಿ, ತಂತಿಯನ್ನು ಕೊಂಡಿಗೆ ಸಿಕ್ಕಿಸಿ. ಆಮೇಲೆ ಎಬಿಎಸ್ ಓದುವ ಸ್ಕ್ಯಾನರಿನಲ್ಲಿ ನಾಲ್ಕೂ ಗಾಲಿಗಳ ವೇಗ ನೋಡಿ. ಅಗ್ಗದ ಬ್ಲೂಟೂತ್ ಸ್ಕ್ಯಾನರುಗಳಲ್ಲಿ ಹೆಚ್ಚಿನವು ಎಂಜಿನ್ ಕೋಡ್ ಮಾತ್ರ ಓದುತ್ತವೆ. ನೇರ ರಸ್ತೆಯಲ್ಲಿ ನಾಲ್ಕೂ ಒಂದೇ ಇರಬೇಕು. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ತೋರಿಸಿದರೆ ಗಾಬರಿ ಬೇಡ, ಅದು ಹಾಗೆಯೇ. ಎಡದ್ದು ನಡುನಡುವೆ ಸೊನ್ನೆಗೆ ಇಳಿದರೆ ಆಗ ಬೇರಿಂಗ್ ಬಿಚ್ಚೋಣ.

ಮಂಗಳವಾರ

ಚಿಕ್ಕಪ್ಪ: ಆಯಿತು. ಎಲೆಕ್ಟ್ರಿಷಿಯನ್ ₹350 ತೆಗೆದುಕೊಂಡ. ಸ್ಕ್ಯಾನರಿನಲ್ಲಿ 20, 20, 20, 20. ದಣಪೆಯಲ್ಲಿ ಆರು ಸಲ ಒಳಗೆ ಹೊರಗೆ ಮಾಡಿದೆ, ದೀಪ ಇಲ್ಲ. ಆಯಿ ‘ಯಾರು ಬಂದರು’ ಎಂದು ಆರು ಸಲವೂ ಕೇಳಿದಳು.

ಅಪ್ಪ: ಗ್ಯಾರೇಜಿನವರನ್ನು ₹3,200 ವಾಪಸ್ ಕೇಳಿದೆಯೋ?

ಚಿಕ್ಕಪ್ಪ: ಕೇಳಿದೆ. ‘ಸೆನ್ಸರ್ ಹೊಸದಾಯಿತಲ್ಲ ಭಟ್ಟರೇ, ನಷ್ಟ ಏನು’ ಎಂದರು.

ಅತ್ತೆ: ದೊಡ್ಡಣ್ಣ, ಆ ಫ್ಯೂಸಿನ ಸಂದೇಶವನ್ನು ಅಳಿಸು. ನಮ್ಮ ಮನೆಯವರು ಕುಮಟಾದಲ್ಲಿ ಆಗಲೇ ಬಾನೆಟ್ ತೆರೆದಿದ್ದರು.

ದೊಡ್ಡಪ್ಪ: [ಈ ಸಂದೇಶವನ್ನು ಅಳಿಸಲಾಗಿದೆ]

ದೊಡ್ಡಪ್ಪ: ಸೆನ್ಸರ್ ಮತ್ತು ಎಲೆಕ್ಟ್ರಿಷಿಯನ್ ಸೇರಿ ₹3,550. ನನ್ನ ಪಾಲು ₹1,183 ಈಗಲೇ ಹಾಕಿದ್ದೇನೆ. ಉಳಿದ 33 ಪೈಸೆಯನ್ನು ದೀಪಾವಳಿಗೆ ಬಂದಾಗ ಕೊಡುತ್ತೇನೆ.

ಅಪ್ಪ: ಅಡಿಕೆ ಚೀಲದ ವಿಷಯ ಇನ್ನೂ ತೀರ್ಮಾನವಾಗಿಲ್ಲ.